ತಂತ್ರಜ್ಞಾನ, ವಿಜ್ಞಾನ, ಹಾಸ್ಯ ಮೂರೂ ಬೆರೆತಿರುವ ಯಾವ ಸಂಗತಿಗಳು ಅಂತರ್ಜಾಲದಲ್ಲಿ ನಿಮಗೆ ಸಿಕ್ಕಿವೆ?

ಬೆಂಗಳೂರಿನಲ್ಲಿ ಪ್ರೋಗ್ರಾಮರ್ ಆಗಿರುವ ನನಗೆ ಈ ಪ್ರಶ್ನೆಯನ್ನು ಓದಿದೊಡನೆ ನೆನಪಾದದ್ದು, ಅಮೆರಿಕದ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ನಡೆದ ಇ-ಮೇಲ್ ಪ್ರಸಂಗ. ಅಲ್ಲಿ ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಆಗಿದ್ದ ಟ್ರೇ ಹ್ಯಾರಿಸ್ ಅದನ್ನು 2002ರಲ್ಲಿ ಬರೆದು ಹಂಚಿಕೊಂಡರು. ಸಂಖ್ಯಾಶಾಸ್ತ್ರ ವಿಭಾಗದ ಮುಖ್ಯಸ್ಥರು ಅವರಿಗೆ ಫೋನ್ ಮಾಡಿ, ತಮ್ಮಲ್ಲಿಂದ 500 ಮೈಲಿಗಿಂತ ಹೆಚ್ಚು ದೂರಕ್ಕೆ ಇ-ಮೇಲ್ ಹೋಗುತ್ತಿಲ್ಲವೆಂದು ದೂರಿದರಂತೆ. ಇ-ಮೇಲ್‌ಗೆ ದೂರದ ಹಂಗಿಲ್ಲವೆಂದು ನಮ್ಮ ವೃತ್ತಿಯವರೆಲ್ಲರೂ ನಂಬಿರುತ್ತಾರೆ. ಆದರೆ ದೂರಿದವರು ಸಂಖ್ಯಾಶಾಸ್ತ್ರಜ್ಞರಾದ್ದರಿಂದ ಮೊದಲು ಅಂಕಿಅಂಶ ಕಲೆಹಾಕಿ, ಆಮೇಲೆ ಕರೆ ಮಾಡಿದ್ದರು. ಪರೀಕ್ಷಿಸಿದಾಗ ಅವರ ಮಾತು ನಿಜವೇ ಆಗಿತ್ತು.

ಸರ್ವರ್‌ನ ಆಪರೇಟಿಂಗ್ ಸಿಸ್ಟಮ್ ನವೀಕರಿಸುವಾಗ ಸೆಂಡ್‌ಮೇಲ್ ಎಂಬ ಇ-ಮೇಲ್ ಕಳುಹಿಸುವ ತಂತ್ರಾಂಶದ ಹಳೆಯ ಆವೃತ್ತಿ ಬಂದು ಕುಳಿತಿತ್ತು, ಹೊಸ ಆವೃತ್ತಿಗಾಗಿ ಬರೆದಿದ್ದ ಕಾನ್ಫಿಗರೇಶನ್ ಕಡತ (ತಂತ್ರಾಂಶ ಹೇಗೆ ನಡೆಯಬೇಕೆಂಬ ಸೂಚನೆಗಳ ಕಡತ) ಮಾತ್ರ ಹಾಗೆಯೇ ಉಳಿದಿತ್ತು. ಅದರ ಸಾಲುಗಳು ಹಳೆಯ ತಂತ್ರಾಂಶಕ್ಕೆ ಅರ್ಥವಾಗದೆ, ಇನ್ನೊಂದು ಸರ್ವರ್‌ನ ಸಂಪರ್ಕಕ್ಕಾಗಿ ಕಾಯುವ ಟೈಮ್‌ಔಟ್ ಅವಧಿ ಸೊನ್ನೆಯಾಗಿಬಿಟ್ಟಿತು. ಸೊನ್ನೆಯೆಂದಿದ್ದರೂ ಆ ಯಂತ್ರ ಪ್ರಯತ್ನ ಕೈಬಿಡುವ ಹೊತ್ತಿಗೆ ಸುಮಾರು 3 ಮಿಲಿಸೆಕೆಂಡು ಕಳೆಯುತ್ತಿತ್ತು, ಮತ್ತು ಅಷ್ಟರಲ್ಲಿ ಬೆಳಕು ಕ್ರಮಿಸುವ ದೂರ 558 ಮೈಲಿ, ಅಂದರೆ ಸುಮಾರು 900 ಕಿ.ಮೀ. ಹಾಗಾಗಿ ಅದಕ್ಕಿಂತ ದೂರದ ಸರ್ವರ್‌ಗಳಿಗೆ ಮೇಲ್ ಹೋಗುತ್ತಿರಲಿಲ್ಲ.

ಈ ಲೆಕ್ಕವನ್ನು ಅನೇಕರು ಪ್ರಶ್ನಿಸಿದ್ದಾರೆ. ನನ್ನ ಮಟ್ಟಿಗೆ ಪ್ರಸಂಗದ ಹೆಚ್ಚಿನ ಸ್ವಾರಸ್ಯ ಇರುವುದೂ ಅಲ್ಲಿಯೇ. ಫೈಬರ್ ಕೇಬಲ್‌ನಲ್ಲಿ ಬೆಳಕಿನ ವೇಗ ನಿರ್ವಾತದಲ್ಲಿರುವುದರ ಮೂರನೇ ಎರಡು ಭಾಗ ಮಾತ್ರ, ಅಂದರೆ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಲದ್ದಕ್ಕೆ, ಸಂಪರ್ಕ ಏರ್ಪಡಬೇಕಾದರೆ ಆ ಕಡೆಯ ಉತ್ತರವೂ ಹಿಂದಿರುಗಿ ಬರಬೇಕು. ಹಾಗೆ ನೋಡಿದರೆ 3 ಮಿಲಿಸೆಕೆಂಡಿನಲ್ಲಿ ಹೋಗಿಬರಬಹುದಾದ ಊರು ಹೆಚ್ಚೆಂದರೆ 300 ಕಿ.ಮೀ. ದೂರದಲ್ಲಿರಬೇಕು. ಬೆಂಗಳೂರಿನಿಂದ ಮೈಸೂರು ಸಲೀಸಾಗಿ ಈ ಮಿತಿಯೊಳಗೆ ಬರುತ್ತದೆ, ಚೆನ್ನೈ ಅಂಚಿನಲ್ಲಿದೆ (ಕೇಬಲ್‌ಗಳು ನೇರ ರೇಖೆಯಲ್ಲಿ ಸಾಗುವುದಿಲ್ಲವಾದ್ದರಿಂದ ಅದೂ ಅನುಮಾನವೇ), ಹೈದರಾಬಾದ್ ಹೊರಗುಳಿಯುತ್ತದೆ. ಕಥೆಯನ್ನು ಓದಲು ಹಿತವಾಗುವಂತೆ ಸ್ವಲ್ಪ ಬದಲಿಸಿರುವುದಾಗಿ ಹ್ಯಾರಿಸ್ ಆರಂಭದಲ್ಲಿಯೇ ಹೇಳಿದ್ದಾರೆ, ಆದ್ದರಿಂದ ಅಂಕಿಗಳ ಬಗ್ಗೆ ಅವರೊಂದಿಗೆ ಜಗಳಕ್ಕೆ ಕಾರಣವಿಲ್ಲ. ನಮ್ಮ ತಂಡಕ್ಕೆ ಹೊಸದಾಗಿ ಸೇರುವವರಿಗೆ ನೆಟ್‌ವರ್ಕ್ ವಿಳಂಬವನ್ನು ನಾನು ವಿವರಿಸುವುದು ಇದೇ ಲೆಕ್ಕದಿಂದ.

ಪಾರಿವಾಳಗಳ ಸಂಗತಿಯೂ ಇಷ್ಟೇ ಗಟ್ಟಿಯಾದದ್ದು. ಇಂಟರ್ನೆಟ್ಟಿನ ನಿಯಮಗಳು ಆರ್‌ಎಫ್‌ಸಿ ಎಂಬ ದಾಖಲೆಗಳಾಗಿ ಪ್ರಕಟವಾಗುತ್ತವೆ. 1990ರ ಏಪ್ರಿಲ್ 1ರಂದು ಹೊರಬಂದ ಆರ್‌ಎಫ್‌ಸಿ 1149, ಡೇಟಾ ಪ್ಯಾಕೆಟ್ಟನ್ನು (ಇಂಟರ್ನೆಟ್ಟಿನಲ್ಲಿ ಸಾಗುವ ಮಾಹಿತಿಯ ಪುಟ್ಟ ತುಣುಕನ್ನು) ಕಾಗದದ ಸುರುಳಿಯ ಮೇಲೆ ಮುದ್ರಿಸಿ ಪಾರಿವಾಳದ ಕಾಲಿಗೆ ಕಟ್ಟಿ ಕಳುಹಿಸುವ ಕ್ರಮವನ್ನು ಉಳಿದ ದಾಖಲೆಗಳ ಗಾಂಭೀರ್ಯದಲ್ಲೇ ವಿವರಿಸುತ್ತದೆ. 2001ರಲ್ಲಿ ನಾರ್ವೆಯ ಬರ್ಗೆನ್ ನಗರದ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಬಳಕೆದಾರರ ಗುಂಪು ಅದನ್ನು ನಿಜವಾಗಿಯೂ ಮಾಡಿ ನೋಡಿತು. 9 ಪಿಂಗ್ (ತಲುಪಿತೇ ಎಂದು ಕೇಳಿ ಉತ್ತರ ಬಯಸುವ) ಪ್ಯಾಕೆಟ್‌ಗಳಿಗೆ 4 ಉತ್ತರಗಳು ಬಂದವು. ಅತಿ ವೇಗದ ಉತ್ತರಕ್ಕೆ 53 ನಿಮಿಷ, ಅತಿ ನಿಧಾನದ್ದಕ್ಕೆ ಒಂದೂಮುಕ್ಕಾಲು ಗಂಟೆ ಹಿಡಿಯಿತು. ಇಲ್ಲಿ ಗಮನಿಸಬೇಕಾದದ್ದು ಅದು ಕೆಲಸ ಮಾಡಿತೆಂಬುದು: ಪ್ಯಾಕೆಟ್ಟನ್ನು ಹೊರುವುದು ತಂತಿಯೋ ಹಕ್ಕಿಯೋ ಎಂದು ಐಪಿ (ಇಂಟರ್ನೆಟ್ಟಿನಲ್ಲಿ ಪ್ಯಾಕೆಟ್ಟುಗಳನ್ನು ಸಾಗಿಸುವ ನಿಯಮಾವಳಿ) ಕೇಳುವುದಿಲ್ಲ, ತಲುಪಿಸುವ ಭರವಸೆಯನ್ನೂ ಅದು ಕೊಡುವುದಿಲ್ಲ. ಪಠ್ಯಪುಸ್ತಕದಲ್ಲಿ ಓದಿದ್ದ ಈ ವಿನ್ಯಾಸದ ಔದಾರ್ಯ ನನಗೆ ಮನದಟ್ಟಾದದ್ದು ಆ ಪಿಂಗ್ ಲಾಗ್ ನೋಡಿದಾಗ.

ಶುದ್ಧ ವಿಜ್ಞಾನವೇ ಬೇಕೆಂದರೆ, ಬಲವಾದ ಅಯಸ್ಕಾಂತ ಕ್ಷೇತ್ರದಲ್ಲಿ ಜೀವಂತ ಕಪ್ಪೆ ತೇಲುವ ವೀಡಿಯೊ ಹುಡುಕಿ ನೋಡಿ. ಅಯಸ್ಕಾಂತ ಕ್ಷೇತ್ರವನ್ನು ಕಪ್ಪೆಯ ಮೈಯಲ್ಲಿರುವ ನೀರು ತುಸುವೇ ವಿಕರ್ಷಿಸುವುದರಿಂದ ಅದು ಸಾಧ್ಯವಾಗುತ್ತದೆ. ಆ ಪ್ರಯೋಗಕ್ಕೆ 2000ದಲ್ಲಿ ಇಗ್ ನೊಬೆಲ್ (ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ವಿನೋದದ ಬಹುಮಾನ) ಪಡೆದ ಆಂದ್ರೆ ಗೈಮ್, 2010ರಲ್ಲಿ ಗ್ರ್ಯಾಫೀನ್ (ಒಂದೇ ಪರಮಾಣುವಿನಷ್ಟು ದಪ್ಪದ ಇಂಗಾಲದ ಪದರ) ಸಂಶೋಧನೆಗಾಗಿ ಭೌತಶಾಸ್ತ್ರದ ನೊಬೆಲ್ ಬಹುಮಾನವನ್ನೂ ಹಂಚಿಕೊಂಡರು.

ನೀವೂ ಪ್ರೋಗ್ರಾಮರ್ ಆಗಿದ್ದರೆ ಅಪೊಲೊ 11ರ ಮಾರ್ಗದರ್ಶಕ ಕಂಪ್ಯೂಟರಿನ ಮೂಲ ಕೋಡ್ ಅನ್ನು ತಪ್ಪದೆ ಓದಿ. 2016ರಿಂದ ಅದು ಗಿಟ್‌ಹಬ್‌ನಲ್ಲಿಯೂ ಇದೆ. ಚಂದ್ರನ ಮೇಲೆ ಇಳಿಯುವ ಸಮೀಕರಣಗಳಿರುವ ಕಡತದಲ್ಲಿ ಒಂದು ಸಾಲಿನ ಪಕ್ಕ, ಇದು ತಾತ್ಕಾಲಿಕವೆಂದು ಆಶಿಸುತ್ತೇನೆ ಎಂಬ ಅರ್ಥದ ಟಿಪ್ಪಣಿಯಿದ್ದು, ಅದರಲ್ಲಿ 'ಹೋಪ್' ಎಂಬ ಪದ ಮೂರು ಬಾರಿ ಬಂದಿದೆ. ಆ ತಾತ್ಕಾಲಿಕ ಸಾಲು 1969ರ ಜುಲೈನಲ್ಲಿ ಚಂದ್ರನಿಗೂ ಹೋಯಿತು.