9 ವರ್ಷದ ಲ್ಯಾಬ್ರಡಾರ್, ಮ್ಯೂನಿಕ್‌ನಲ್ಲಿ ಕೆಲಸ: ನಾಯಿಯನ್ನು ಏನು ಮಾಡುವುದು?

ಅಕ್ಕ ಅಂತ ಕರೆದು ಕೇಳಿದ್ದೀರಿ, ಹಾಗಾಗಿ ಸುತ್ತಿ ಬಳಸದೆ ಹೇಳುತ್ತೇನೆ. ಮೈಸೂರಿನಲ್ಲಿ ಮನೆ, ಏಳು ವರ್ಷದ ಮಗಳು, 9 ವರ್ಷದ ಲ್ಯಾಬ್ರಡಾರ್, ಯಜಮಾನರಿಗೆ ಮ್ಯೂನಿಕ್‌ನಲ್ಲಿ ಕೆಲಸ, ಸೇರಲು ಇನ್ನು 3 ತಿಂಗಳು. ಅತ್ತೆ ಮಾವನಿಗೆ ವಯಸ್ಸಾಗಿದೆ, ಅಷ್ಟು ದೊಡ್ಡ ನಾಯಿಯನ್ನು ಹಿಡಿದುಕೊಂಡು ಓಡಾಡಲು ಅವರಿಂದ ಆಗುವುದಿಲ್ಲ. ನಾಯಿಗೆ ಸೊಂಟದ ನೋವು ಅಂತ ಈಗಾಗಲೇ ಮಾತ್ರೆ ನಡೆಯುತ್ತಿದೆ. ಕರೆದುಕೊಂಡು ಬರುವುದೋ, ಯಾರಿಗಾದರೂ ಕೊಡುವುದೋ, ಅಲ್ಲಿ ನಾಯಿ ಇಟ್ಟುಕೊಂಡು ಬದುಕುವುದು ಹೇಗಿರುತ್ತೆ ಅಂತ ನಿಮ್ಮ ಪ್ರಶ್ನೆ. ವೀಸಾ ಆಗಲಿ, ಆಮೇಲೆ ನೋಡೋಣ ಅಂತ ಮನೆಯವರು ಹೇಳುತ್ತಿದ್ದಾರೆ ಅಂತಲೂ ಬರೆದಿದ್ದೀರಿ.

ಅದೊಂದು ಮಾತ್ರ ಬೇಡ. ಈ ವಾರವೇ ಕೂತು ತೀರ್ಮಾನ ಮಾಡಿ. ಕರೆತರುವುದಾದರೂ ತಿಂಗಳುಗಟ್ಟಲೆ ಬೇಕು, ಒಳ್ಳೆಯ ಮನೆಗೆ ಸೇರಿಸುವುದಾದರೂ ತಿಂಗಳುಗಟ್ಟಲೆ ಬೇಕು. ಕೊನೆಯ ವಾರಕ್ಕೆ ತಳ್ಳಿದರೆ ಎರಡೂ ಕೈತಪ್ಪುತ್ತೆ, ಆಮೇಲೆ ಯಾರು ಮೊದಲು ಹೂಂ ಅಂತಾರೋ ಅವರ ಕೈಗೆ ಬೆಲ್ಟ್ ಕೊಟ್ಟು ವಿಮಾನ ಹತ್ತಬೇಕಾಗುತ್ತೆ. ಇಲ್ಲಿ ಜರ್ಮನಿಯಲ್ಲಿರುವ ನಮ್ಮವರಲ್ಲೇ ಹಾಗೆ ಬಂದವರಿದ್ದಾರೆ. ಇವತ್ತಿಗೂ ನಾಯಿ ವಿಷಯ ಬಂದರೆ ಅಡುಗೆಮನೆಗೆ ಎದ್ದು ಹೋಗುತ್ತಾರೆ.

ಮೊದಲು ಕರೆತರುವ ದಾರಿ ಹೇಳಿಬಿಡುತ್ತೇನೆ, ಅರ್ಧ ಜನಕ್ಕೆ ಇದರ ಲೆಕ್ಕ ಗೊತ್ತಿರುವುದಿಲ್ಲ. ರೇಬೀಸ್ ವಿಷಯದಲ್ಲಿ ಯುರೋಪಿಯನ್ ಒಕ್ಕೂಟ ಭಾರತವನ್ನು ಸುರಕ್ಷಿತ ದೇಶಗಳ ಪಟ್ಟಿಯಲ್ಲಿ ಇಟ್ಟಿಲ್ಲ. ಆದ್ದರಿಂದ ಮೊದಲು ಚರ್ಮದಡಿ ಹಾಕುವ ಗುರುತಿನ ಮೈಕ್ರೋಚಿಪ್, ಆಮೇಲೆ ರೇಬೀಸ್ ಲಸಿಕೆ. ಲಸಿಕೆಗೆ ಮುಂಚೆಯೋ ಅದೇ ದಿನವೋ ಚಿಪ್ ಇರಲೇಬೇಕು. ವರ್ಷಾ ವರ್ಷ ಲಸಿಕೆ ಹಾಕಿಸಿದ್ದೀವಲ್ಲ ಅಂತ ಪುಸ್ತಕ ತೋರಿಸಿದರೂ ಚಿಪ್ ಆಮೇಲೆ ಹಾಕಿಸಿದ್ದರೆ ಹಳೆಯ ಲಸಿಕೆಗಳು ಲೆಕ್ಕಕ್ಕಿಲ್ಲ, ಮತ್ತೆ ಹಾಕಿಸಬೇಕು. ಲಸಿಕೆಯಾಗಿ ಕನಿಷ್ಠ 30 ದಿನ ಬಿಟ್ಟು ರಕ್ತ ತೆಗೆದು ಒಕ್ಕೂಟ ಒಪ್ಪಿದ ಲ್ಯಾಬ್‌ಗೆ ಕಳಿಸಬೇಕು, ರಕ್ತದಲ್ಲಿ ರೇಬೀಸ್ ತಡೆಯುವ ಪ್ರತಿಕಾಯ ಮಿಲಿಲೀಟರಿಗೆ 0.5 ಐಯು ಅಥವಾ ಅದಕ್ಕಿಂತ ಜಾಸ್ತಿ ಬರಬೇಕು. ರಕ್ತ ತೆಗೆದ ದಿನದಿಂದ ಇನ್ನೂ 3 ತಿಂಗಳು ಕಾಯಬೇಕು. ಕೂಡಿಸಿ ನೋಡಿ, ಇವತ್ತು ಚಿಪ್ ಹಾಕಿಸಿದರೂ 4 ತಿಂಗಳು. ಯಾವ ಏಜೆಂಟ್ ಬಂದರೂ ಇದನ್ನು ಕಡಿಮೆ ಮಾಡಲು ಆಗುವುದಿಲ್ಲ. ಆಗುತ್ತೆ ಅನ್ನುವವನಿಗೆ ದುಡ್ಡು ಕೊಡಬೇಡಿ.

ಅಂದರೆ ಯಜಮಾನರ ಜೊತೆ ನಾಯಿ ಬರುವುದು ಆಗದ ಮಾತು. ಅವರು ಮುಂದೆ ಬರಲಿ, ನೀವು, ಮಗಳು, ನಾಯಿ ಹಿಂದಿನಿಂದ ಬನ್ನಿ. ಸಾಕಿದವರ ಪ್ರಯಾಣಕ್ಕೂ ನಾಯಿಯ ಪ್ರಯಾಣಕ್ಕೂ 5 ದಿನಕ್ಕಿಂತ ಜಾಸ್ತಿ ಅಂತರ ಆದರೆ ವ್ಯಾಪಾರದ ಸಾಗಣೆಯ ನಿಯಮಗಳು ಮೈಮೇಲೆ ಬರುತ್ತವೆ, ಅದಕ್ಕೇ ನಿಮ್ಮ ಟಿಕೆಟ್ ಜೊತೆಗೇ ಅದರದ್ದೂ ಆಗಲಿ. ಲುಫ್ತಾನ್ಸಾದಲ್ಲಿ ಬುಟ್ಟಿ ಸೇರಿ 8 ಕಿಲೋ ಮೀರದ ನಾಯಿಗೆ ಮಾತ್ರ ಕಾಲಡಿ ಜಾಗ, ನಿಮ್ಮ ಲ್ಯಾಬ್ರಡಾರ್ ವಿಮಾನದ ಕೆಳಗೆ ಸಾಮಾನು ಇಡುವ ಹೋಲ್ಡ್‌ನಲ್ಲೇ ಬರಬೇಕು. ಒಳಗೆ ಎದ್ದು ನಿಂತು ತಿರುಗಿ ಮಲಗುವಷ್ಟು ದೊಡ್ಡ ಕ್ರೇಟ್ ಕಡ್ಡಾಯ. ನಿದ್ದೆ ಔಷಧಿ ಕೊಟ್ಟು ಕಳಿಸುವ ಯೋಚನೆ ಬೇಡ, ಅಂಥ ನಾಯಿಯನ್ನು ವಿಮಾನದವರು ಹತ್ತಿಸಿಕೊಳ್ಳುವುದಿಲ್ಲ. ಖರ್ಚು ಲಕ್ಷಗಳಲ್ಲಿ.

ಇಲ್ಲಿ ಬಂದಮೇಲೆ ನಾಯಿಗೆ ಸ್ವರ್ಗವೇ, ಅದನ್ನು ಒಪ್ಪಬೇಕು. ಇಂಗ್ಲಿಷರ್ ಗಾರ್ಟನ್ ಅನ್ನುವ ದೊಡ್ಡ ಪಾರ್ಕಿನಲ್ಲಿ ಬಹಳಷ್ಟು ಕಡೆ ಹಗ್ಗ ಬಿಚ್ಚಿ ಓಡಾಡಿಸಬಹುದು. ಊರೊಳಗಿನ ಮೆಟ್ರೋ, ಬಸ್ಸಿನಲ್ಲಿ ಒಂದು ನಾಯಿ ಪುಕ್ಕಟೆ ಬರುತ್ತೆ. ಹೋಟೆಲಿಗೆ ಹೋದರೆ ನಿಮಗೆ ಮೆನು ಕೊಡುವ ಮೊದಲೇ ಅದಕ್ಕೆ ನೀರಿನ ಬಟ್ಟಲು ಬಂದಿರುತ್ತೆ. ವರ್ಷಕ್ಕೆ 100 ಯೂರೋ ನಾಯಿ ತೆರಿಗೆ ಮ್ಯೂನಿಕ್ ಪಾಲಿಕೆಗೆ ಕಟ್ಟಬೇಕು. ಇದೆಲ್ಲ ದೊಡ್ಡ ವಿಷಯ ಅಲ್ಲ.

ದೊಡ್ಡ ವಿಷಯ ಮನೆ. ನಾಯಿ ಬೆಕ್ಕು ಸಾಕಲೇಬಾರದು ಅಂತ ಬಾಡಿಗೆ ಕರಾರಿನಲ್ಲಿ ಸಾರಾಸಗಟಾಗಿ ಬರೆಯುವುದು ನಡೆಯಲ್ಲ ಅಂತ ಇಲ್ಲಿನ ಉನ್ನತ ನ್ಯಾಯಾಲಯ 2013ರಲ್ಲೇ ಹೇಳಿದೆ. ಸರಿ, ಆದರೆ ಕರಾರಿನ ತನಕ ತಲುಪಬೇಕಲ್ವಾ? ಮ್ಯೂನಿಕ್‌ನಲ್ಲಿ ಒಂದು ಬಾಡಿಗೆ ಮನೆಗೆ ಹೆಂಗೆ ಮುಗಿಬೀಳುತ್ತಾರೆ ಅಂತ ಬಂದಮೇಲೆ ನೋಡುತ್ತೀರಿ. ಆ ಸಾಲಿನಲ್ಲಿ ಜರ್ಮನ್ ಬರದ, ಆರಂಭದ ಆರು ತಿಂಗಳ ಪ್ರೊಬೇಷನ್‌ನಲ್ಲಿರುವ, ದೊಡ್ಡ ನಾಯಿ ಇರುವ ಕುಟುಂಬವನ್ನು ಮನೆ ಮಾಲೀಕರು ಕೊನೆಗೆ ನೋಡುತ್ತಾರೆ. ಸಿಕ್ಕ ಮನೆ ಲಿಫ್ಟ್ ಇಲ್ಲದ ಮೂರನೇ ಮಹಡಿ ಆಗಿದ್ದರೆ, ಸೊಂಟ ನೋವಿನ ನಾಯಿಯನ್ನು ದಿನಕ್ಕೆ ನಾಲ್ಕು ಸಲ ಇಳಿಸಿ ಹತ್ತಿಸುವವರು ಯಾರು? ಇಲ್ಲಿ ಹಿತ್ತಲಿಗೆ ಬಿಡುವುದು ಅಂತಿಲ್ಲ, ಒಂದಕ್ಕೆ ಎರಡಕ್ಕೆ ಪ್ರತಿಸಲವೂ ನೀವೇ ಬೂಟು ಕೋಟು ಹಾಕಿಕೊಂಡು ಹೊರಡಬೇಕು. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಯೊಳಗೆ ಸೂರ್ಯ ಮುಳುಗುತ್ತಾನೆ, ಹಿಮದ ಮೇಲೆ ಜಾರದಿರಲಿ ಅಂತ ಸಣ್ಣ ಜಲ್ಲಿ ಹಾಕಿರುತ್ತಾರೆ, ಅದು ಪಾದದ ಬೆರಳ ಸಂದಿಗೆ ಚುಚ್ಚಿಕೊಂಡು ನಾಯಿ ಒಂದು ಕಾಲೆತ್ತಿ ನಿಂತುಬಿಡುತ್ತೆ. ದಿನಕ್ಕೆ ಹಲವು ಸಲ ಮನುಷ್ಯರ ಒಡನಾಟ, ಹೊರಗೆ ಸಾಕಷ್ಟು ಓಡಾಟ ಕೊಡಬೇಕು ಅಂತ ಇಲ್ಲಿ ಕಾನೂನೇ ಇದೆ. ಬೆಳಗ್ಗೆಯಿಂದ ಸಂಜೆವರೆಗೆ ಒಂಟಿಯಾಗಿ ಬೊಗಳುತ್ತಿದ್ದರೆ ಪಕ್ಕದ ಮನೆಯವರು ಸುಮ್ನೆ ಇರುವುದಿಲ್ಲ, ಪಾಲಿಕೆ ಕಚೇರಿಗೆ ದೂರು ಹೋಗುತ್ತೆ.

ನನ್ನ ಅಭಿಪ್ರಾಯ ಕೇಳಿದರೆ, ನಾಯಿಗೆ ಮೂರು ನಾಲ್ಕು ವರ್ಷ ಆಗಿದ್ದು ಗಟ್ಟಿಮುಟ್ಟಾಗಿದ್ದರೆ ಕಷ್ಟಪಟ್ಟಾದರೂ ಕರೆತನ್ನಿ ಅನ್ನುತ್ತಿದ್ದೆ. ಲ್ಯಾಬ್ರಡಾರ್‌ಗಳು ಸಾಮಾನ್ಯವಾಗಿ ಬದುಕುವುದೇ 10–12 ವರ್ಷ. 9 ಅಂದರೆ ಮುಪ್ಪು. ಕ್ರೇಟಿನಲ್ಲಿ ಅಷ್ಟು ಹೊತ್ತು, ಆಮೇಲೆ ಚಳಿ, ಮೆಟ್ಟಿಲು, ಖಾಲಿ ಮನೆ. ಬಿಟ್ಟು ಬನ್ನಿ. ಜೊತೆಗೆ ಇರುತ್ತೇವೆ ಅನ್ನುವ ಆಸೆ ನಮ್ಮದು, ಸೊಂಟ ಮಾತ್ರ ಅದರದ್ದು.

ಆದರೆ ಬಿಟ್ಟು ಬರುವುದನ್ನು ಸರಿಯಾಗಿ ಮಾಡಿ. ಎಲ್ಲರೂ ಮೊದಲು ಹೇಳುವುದು "ತೋಟದ ಮನೆಗೆ ಕೊಡಿ, ಆರಾಮಾಗಿ ಓಡಾಡಿಕೊಂಡಿರುತ್ತೆ" ಅಂತ. ಫ್ಯಾನಿನ ಕೆಳಗೆ ಮಲಗಿ ಬೆಳೆದ ನಾಯಿ ಅದು. ತೋಟದಲ್ಲಿ ಪಂಪ್‌ಹೌಸ್ ಪಕ್ಕ ಚೈನ್ ಹಾಕಿ ಕಾವಲಿಗೆ ಕಟ್ಟುತ್ತಾರೆ. ಉಣ್ಣಿ ಹುಳ ಹತ್ತುತ್ತೆ. ನಿಮ್ಮ ಕಡೆ ಎಚ್.ಡಿ. ಕೋಟೆ, ನಂಜನಗೂಡು ಸುತ್ತ ಚಿರತೆ ಮೊದಲು ಹಿಡಿಯುವುದೇ ಕಟ್ಟಿಹಾಕಿದ ನಾಯಿಯನ್ನು. ತೋಟದವರು ಒಳಗೆ ಮಲಗಿಸಿಕೊಳ್ಳುತ್ತಾರೆ ಅಂತ ನೀವೇ ಕಣ್ಣಾರೆ ನೋಡದೆ ಕೊಡಬೇಡಿ. ಎರಡನೆಯದು, "ಉಚಿತವಾಗಿ ಕೊಡುತ್ತೇವೆ" ಅಂತ ಫೋಟೋ ಹಾಕುವುದು. ಜಾತಿ ನಾಯಿ ಪುಕ್ಕಟೆ ಅಂದರೆ ಮರಿ ಮಾರುವವರೂ ಬರುತ್ತಾರೆ. ಸಂತಾನಹರಣ ಆಗಿಲ್ಲದಿದ್ದರೆ ಈ ವಯಸ್ಸಿಗೆ ಮಾಡಿಸಬಹುದಾ ಅಂತ ಡಾಕ್ಟರನ್ನು ಕೇಳಿ. ಬೆಂಗಳೂರಿನ ಕ್ಯೂಪಾ, ಮೈಸೂರಿನ ಪೀಪಲ್ ಫಾರ್ ಅನಿಮಲ್ಸ್ ಥರದ ಪ್ರಾಣಿ ರಕ್ಷಣಾ ಸಂಸ್ಥೆಯವರನ್ನು ಮಾತಾಡಿಸಿ, ಆದರೆ ಅಲ್ಲೇ ಬಿಟ್ಟು ಬರಲು ಅಲ್ಲ, ಸಾಕುವವರ ಪರಿಚಯ ಸಿಗಬಹುದು ಅಂತ. ಗಾಯವಾದ, ದಿಕ್ಕಿಲ್ಲದ ಪ್ರಾಣಿಗಳಿಗೇ ಅಲ್ಲಿ ಕೈತುಂಬ ಕೆಲಸ. ಇನ್ನು ದೂರದ ಬಡಾವಣೆಯಲ್ಲಿ ಇಳಿಸಿ ಬರುವವರ ಬಗ್ಗೆ ಮಾತಾಡುವುದೇ ಬೇಡ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಹಸಿವು ನೀರಡಿಕೆಗೆ ಬಿಟ್ಟು ಹೋಗುವುದು ಅಪರಾಧ, ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಇವತ್ತು ಒಂದು ಮಸಾಲೆ ದೋಸೆ ಬರಲ್ಲ ಅದಕ್ಕೆ.

ಯಾರನ್ನು ಕೇಳಬೇಕು ಅಂದರೆ, ನಾಯಿಗೆ ಆಗಲೇ ಗೊತ್ತಿರುವವರನ್ನು. ದಸರಾ ರಜೆಯಲ್ಲಿ ನೀವು ಊರಿಗೆ ಹೋದಾಗ ಅದಕ್ಕೆ ಊಟ ಹಾಕುತ್ತಿದ್ದವರು ಯಾರು? ಗೇಟಿನ ಹತ್ತಿರ ಯಾರನ್ನು ಕಂಡರೆ ಮೈಯೆಲ್ಲ ಅಲ್ಲಾಡಿಸುತ್ತೆ? ಅಲ್ಲಿಂದ ಶುರುಮಾಡಿ. ನಮ್ಮ ನಾಯಿ ಚಿನ್ನಿಯನ್ನು ಹಾಸನದಲ್ಲಿ ನಮ್ಮ ಪಕ್ಕದ ಬೀದಿಯ ನಿವೃತ್ತ ಮೇಷ್ಟ್ರಿಗೆ ಕೊಟ್ಟೆವು. ಮೊದಮೊದಲು ಅವಳು ಗೇಟು ತೆರೆದ ಕೂಡಲೇ ನಮ್ಮ ಹಳೇ ಮನೆಗೆ ಓಡಿ ಬಂದು ಜಗಲಿ ಮೇಲೆ ಕೂರುತ್ತಿದ್ದಳಂತೆ. ಮೇಷ್ಟ್ರು ಬೈಯಲಿಲ್ಲ, ಎಳೆದುಕೊಂಡೂ ಹೋಗಲಿಲ್ಲ. ಪೇಪರ್ ಹಿಡಿದುಕೊಂಡು ಬಂದು ಅದೇ ಜಗಲಿ ಮೇಲೆ ಅವಳ ಪಕ್ಕ ಕೂತು ಓದುತ್ತಿದ್ದರು. ಅವಳು ತಾನಾಗಿ ಎದ್ದಾಗ ತಾವೂ ಏಳುತ್ತಿದ್ದರು. ಹೀಗೆ ನಡೆದು ನಡೆದು ಒಂದು ದಿನ ಅವಳು ಆ ಕಡೆ ತಿರುಗುವುದನ್ನೇ ನಿಲ್ಲಿಸಿದಳು. ಅಂಥವರು ಸಿಗಬೇಕು ನೋಡಿ. ಮನೆ ದೊಡ್ಡದಿರಬೇಕು, ಕಾಂಪೌಂಡ್ ಇರಬೇಕು ಅಂತೆಲ್ಲ ಹುಡುಕಬೇಡಿ, ಹೊತ್ತು ಇರುವವರನ್ನು ಹುಡುಕಿ.

ಜರ್ಮನಿಯ ಪ್ರಾಣಿ ಆಶ್ರಮಗಳು ನಾಯಿ ಕೊಡುವ ಮುಂಚೆ ಮನೆ ನೋಡಲು ಜನ ಕಳಿಸುತ್ತವೆ, ಕರಾರು ಬರೆಸಿಕೊಳ್ಳುತ್ತವೆ. ನಮ್ಮಲ್ಲಿ ಹಾಗೆ ಮಾಡಿದರೆ ಅನುಮಾನ ಪಟ್ಟಂತೆ ಆಗುತ್ತೆ ಅಂತ ಸಂಕೋಚ. ಸಂಕೋಚ ಬಿಡಿ. ಹೇಳದೆ ಒಂದು ಸಲ ಹೋಗಿ ನೋಡಿ. ಒಂದು ಹಾಳೆಯಲ್ಲಿ, ಸಾಕಲು ಆಗದಿದ್ದರೆ ಬೇರೆಯವರಿಗೆ ದಾಟಿಸುವ ಮುಂಚೆ ನಿಮಗೆ ಫೋನ್ ಮಾಡುತ್ತೇವೆ ಅಂತ ಬರೆದು ಇಬ್ಬರೂ ಸಹಿ ಹಾಕಿ. ದುಡ್ಡಿನ ಮಾತನ್ನೂ ಮುಖಾಮುಖಿ ಆಡಿ. ವಯಸ್ಸಾದ ನಾಯಿಯ ಔಷಧಿ ಖರ್ಚನ್ನು ಇನ್ನೊಬ್ಬರ ಮೇಲೆ ಹೊರಿಸುವುದು ಸರಿಯಲ್ಲ, ನೀವು ಯೂರೋದಲ್ಲಿ ದುಡಿಯುತ್ತೀರಿ. ಊಟದ ಖರ್ಚು ಬೇಡ ಅಂದರೂ ಡಾಕ್ಟರ್ ಖರ್ಚು ನಿಮ್ಮದು ಅಂತ ಮೊದಲೇ ಹೇಳಿಬಿಡಿ.

ಒಪ್ಪಿಸುವುದು ಒಂದೇ ದಿನದಲ್ಲಿ ಆಗಬಾರದು. ಮೊದಲು ಅವರು ನಿಮ್ಮನೆಗೆ ಬರಲಿ, ಒಟ್ಟಿಗೆ ವಾಕಿಂಗ್ ಹೋಗಿ, ಆಮೇಲೆ ಒಂದು ಭಾನುವಾರ ಅವರ ಮನೆಯಲ್ಲಿ ಬಿಟ್ಟು ಸಂಜೆ ಕರೆದುಕೊಂಡು ಬನ್ನಿ, ಆಮೇಲೆ ಒಂದೆರಡು ರಾತ್ರಿ. ಅದು ಮಲಗುವ ಹಾಸಿಗೆ ಬಟ್ಟೆಯನ್ನು ಒಗೆಯದೆ ಕಳಿಸಿ, ವಾಸನೆ ಇರಲಿ. ಊಟ ಬದಲಾಯಿಸಬೇಡಿ. ನೀವು ಹೊರಡುವ ಎರಡು ಮೂರು ವಾರ ಮುಂಚೆಯೇ ಪೂರ್ತಿ ಅಲ್ಲಿಗೆ ಹೋಗಿಬಿಡಲಿ. ಸೂಟ್‌ಕೇಸ್ ಕಟ್ಟುವ ಗಲಾಟೆಯನ್ನು ಅದು ನೋಡುವುದು ಬೇಡ, ಹೊಸ ಜಾಗದಲ್ಲಿ ಏನಾದರೂ ತೊಂದರೆ ಆದರೆ ನೀವು ಇನ್ನೂ ಊರಲ್ಲೇ ಇರುತ್ತೀರಿ.

ಮಗಳಿಗೆ ಏನು ಹೇಳಲಿ ಅಂತ ಕೇಳಿದ್ದೀರಿ. ನಿಜ ಹೇಳಿ. "ಸ್ವಲ್ಪ ದಿನ ಅಷ್ಟೇ, ಆಮೇಲೆ ಕರೆಸಿಕೊಳ್ಳೋಣ" ಅಂತ ಮಾತ್ರ ಬೇಡ, ಏಳು ವರ್ಷದ ಮಗು ಅದನ್ನೇ ಹಿಡಿದುಕೊಂಡು ಕಾಯುತ್ತೆ. ಅವಳ ಕೈಯಲ್ಲೇ ಒಂದು ಪುಸ್ತಕ ಬರೆಸಿ, ಬೆಳಗ್ಗೆ ಏನು ತಿನ್ನುತ್ತಾನೆ, ಮಾತ್ರೆಯನ್ನು ಬಾಳೆಹಣ್ಣಿನೊಳಗೆ ಇಟ್ಟರೆ ಮಾತ್ರ ನುಂಗುತ್ತಾನೆ, ದೀಪಾವಳಿ ಪಟಾಕಿಗೆ ಬಚ್ಚಲಮನೆಗೆ ಸೇರಿಕೊಳ್ಳುತ್ತಾನೆ, ಆವಾಗ ಬಾಗಿಲು ಹಾಕಬೇಡಿ, ಇಂಥದ್ದೆಲ್ಲ. ಸಾಕುವವರಿಗೆ ನಿಜವಾಗಿ ಬೇಕಾಗುವುದೂ ಇದೇ. ಮೊದಲ ತಿಂಗಳು ವಿಡಿಯೋ ಕಾಲ್ ಬೇಡ. ಧ್ವನಿ ಕೇಳಿಸುತ್ತೆ, ವಾಸನೆ ಸಿಗಲ್ಲ, ಫೋನಿನ ಹಿಂದೆ ಹುಡುಕುತ್ತೆ, ಬಾಗಿಲಿಗೆ ಓಡುತ್ತೆ. ಫೋಟೋ ತರಿಸಿಕೊಳ್ಳಿ, ಸಾಕು.

ಬಂದ ಕೂಡಲೇ ಇನ್ನೊಂದು ನಾಯಿ ತರುವ ಆತುರ ಬೇಡ. ಆಶ್ರಮದ ನಾಯಿಗಳನ್ನು ವಾಕಿಂಗ್ ಕರೆದುಕೊಂಡು ಹೋಗಲು ಇಲ್ಲಿ ಸ್ವಯಂಸೇವಕರನ್ನು ಸೇರಿಸಿಕೊಳ್ಳುತ್ತಾರೆ, ಮ್ಯೂನಿಕ್‌ನದ್ದು ರೀಮ್ ಕಡೆ ಇದೆ. ಸ್ವಲ್ಪ ಭಾಷೆ ಬಂದಮೇಲೆ ವಿಚಾರಿಸಿ ನೋಡಿ, ಮಗಳಿಗೂ ಒಳ್ಳೆಯದು.

ಇದನ್ನೆಲ್ಲ ಓದಿಯೂ ಕರೆತರಲೇಬೇಕು ಅನ್ನಿಸಿದರೆ ನಾಳೆಯೇ ಡಾಕ್ಟರ್ ಹತ್ತಿರ ಹೋಗಿ, ಚಿಪ್ ಇದೆಯಾ ಅಂತ ಸ್ಕ್ಯಾನ್ ಮಾಡಿಸಿ, ಚಿಪ್ ಹಾಕಿದ ತಾರೀಖು, ಕೊನೆಯ ರೇಬೀಸ್ ಲಸಿಕೆಯ ತಾರೀಖು ಎರಡನ್ನೂ ನನಗೆ ಬರೆಯಿರಿ. ಸೊಂಟದ ಎಕ್ಸ್‌ರೇ ನೋಡಿ, ಇದು ಅಷ್ಟು ದೂರದ ಪ್ರಯಾಣ ತಡೆಯುತ್ತಾ ಅಂತ ಅವರನ್ನೇ ನೇರ ಕೇಳಿ. ಅವರು ಬೇಡ ಅಂದರೆ ಬೇಡ. ಹಾಗಾದರೆ ಆ ಸಂಜೆಯೇ ಊಟ ಹಾಕುತ್ತಿದ್ದವರ ಮನೆಗೆ ಹೋಗಿ ಮಾತಾಡಿ, ನಾಯಿಯನ್ನೂ ಕರೆದುಕೊಂಡು ಹೋಗಿ.