ಬೀದಿಯಲ್ಲಿ ಮಲಗುವವರ ಲೆಕ್ಕ ಏಕೆ ತಪ್ಪುತ್ತದೆ? ಸರಿಯಾಗಿ ಎಣಿಸುವುದು ಹೇಗೆ?

ಪ್ರಶ್ನೆ: ನಮ್ಮ ಊರಿನ ವಸತಿರಹಿತರ ಸಮೀಕ್ಷೆ ಮುಗಿದಿದೆ. ಆದರೆ ರಾತ್ರಿ ಊಟ ಹಂಚಲು ಹೋದಾಗ ಪಟ್ಟಿಯಲ್ಲಿ ಇರುವುದಕ್ಕಿಂತ ಎರಡರಷ್ಟು ಜನ ನಮಗೆ ಸಿಗುತ್ತಾರೆ. ನಮ್ಮ ಸಂಘದಿಂದಲೇ ಒಮ್ಮೆ ಎಣಿಸಬೇಕೆಂದಿದ್ದೇವೆ. ಎಲ್ಲಿಂದ ಶುರುಮಾಡಬೇಕು?
– ಉತ್ತರ ಕರ್ನಾಟಕದ ಓದುಗರೊಬ್ಬರು

ಉತ್ತರ: ಊಟದ ಸಾಲಿನಲ್ಲಿ ನಿಂತವರೆಲ್ಲ ವಸತಿರಹಿತರಲ್ಲ. ಬಾಡಿಗೆ ಕೋಣೆ ಇದ್ದೂ ಕೂಲಿ ಸಿಗದ ದಿನ ಬರುವವರು ಇರುತ್ತಾರೆ. ಇನ್ನೊಂದು ಕಡೆ, ನಿಜವಾಗಿ ಬೀದಿಯಲ್ಲೇ ಮಲಗುವ ಹೆಂಗಸರು ಆ ಸಾಲಿಗೆ ಬರುವುದೇ ಕಡಿಮೆ. ಆದ್ದರಿಂದ ಆ ಪಟ್ಟಿ ತಪ್ಪಿರಬಹುದು, ನಿಮ್ಮ ಅಂದಾಜೂ ತಪ್ಪಿರಬಹುದು.

ಯಾರನ್ನು ಎಣಿಸುತ್ತೀರಿ ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳಿ. ಜನಗಣತಿಯ ಪ್ರಕಾರ ಕಟ್ಟಡದಲ್ಲಿ ವಾಸಿಸದೆ ಬಯಲಲ್ಲಿ, ರಸ್ತೆ ಬದಿ, ಫುಟ್‌ಪಾತ್, ಹ್ಯೂಮ್ ಪೈಪ್ (ದೊಡ್ಡ ಸಿಮೆಂಟ್ ಕೊಳವೆ), ಫ್ಲೈಓವರ್ ಅಥವಾ ಮೆಟ್ಟಿಲ ಕೆಳಗೆ, ದೇವಸ್ಥಾನದ ಅಂಗಳ, ಮಂಟಪ, ರೈಲ್ವೆ ಪ್ಲಾಟ್‌ಫಾರಂಗಳಲ್ಲಿ ಇರುವವರು ವಸತಿರಹಿತರು. ತಗಡಿನ ಶೆಡ್ಡು, ಟಾರ್ಪಾಲಿನ್ ಗುಡಿಸಲುಗಳಲ್ಲಿ ಇರುವ ಗಾರೆ ಕೆಲಸದವರನ್ನು ಒಬ್ಬ ಗಣತಿದಾರ ಸೇರಿಸಿ ಇನ್ನೊಬ್ಬ ಬಿಟ್ಟರೆ ಅಷ್ಟರಲ್ಲೇ ಲೆಕ್ಕ ಏರುಪೇರಾಗುತ್ತದೆ. ಅವರನ್ನೂ, ರಾತ್ರಿ ತಂಗುದಾಣದಲ್ಲಿ ಇರುವವರನ್ನೂ ಬೇರೆ ಬೇರೆ ಕಾಲಂನಲ್ಲಿ ಬರೆಯಿರಿ. ಒಟ್ಟುಗೂಡಿಸುವುದು ಆಮೇಲೆ.

ಎಣಿಕೆಗೆ ಎರಡು ವಾರ ಮೊದಲು ಜಾಗಗಳ ನಕ್ಷೆ ಮಾಡಿ. ಯಾರು ಎಲ್ಲಿ ಮಲಗುತ್ತಾರೆಂದು ಚೆನ್ನಾಗಿ ಗೊತ್ತಿರುವುದು ಬೆಳಗಿನ ಜಾವ ಗುಡಿಸುವ ಪೌರಕಾರ್ಮಿಕರಿಗೆ, ರಾತ್ರಿ ಚಹಾ ಮಾರುವವರಿಗೆ, ಆಟೋದವರಿಗೆ, ಎಪಿಎಂಸಿ ಹಮಾಲರಿಗೆ. ಅವರು ತೋರಿಸಿದ ಜಾಗಗಳಲ್ಲಿ ಒಂದನ್ನೂ ಬಿಡದೆ ಎಣಿಸಿ. ಉಳಿದ ಬೀದಿಗಳನ್ನು ಎರಡು ಗಂಟೆಯಲ್ಲಿ ನಡೆದು ಮುಗಿಸುವಷ್ಟು ಚಿಕ್ಕ ಬ್ಲಾಕ್‌ಗಳಾಗಿ ಮಾಡಿ, ಚೀಟಿ ಎತ್ತಿ ಐದರಲ್ಲಿ ಒಂದನ್ನು ಆರಿಸಿಕೊಳ್ಳಿ. ಅಂಥ 200 ಬ್ಲಾಕ್‌ಗಳಲ್ಲಿ 40 ನೋಡಿ 24 ಜನ ಸಿಕ್ಕರೆ, ಆ ಭಾಗದ ಅಂದಾಜು 120. ‘ಅಲ್ಲಿ ಯಾರೂ ಇರುವುದಿಲ್ಲ’ ಎಂದು ಬಡಾವಣೆಗಳನ್ನು ಪೂರ್ತಿ ಬಿಟ್ಟುಬಿಡುವುದರಿಂದಲೇ ಬಹಳಷ್ಟು ಸಮೀಕ್ಷೆಗಳು ಕೆಡುತ್ತವೆ.

ಹೊತ್ತು: ಅಂಗಡಿಗಳ ಷಟರ್ ಇಳಿದ ಮೇಲಷ್ಟೇ ಜಗುಲಿಗಳು ತುಂಬುವುದು. ಮೂರು ಗಂಟೆಯ ಹೊತ್ತಿಗೆ ತರಕಾರಿ ಮಾರುಕಟ್ಟೆಗೆ ಲಾರಿ ಬಂದು ಹಮಾಲರು ಎದ್ದಿರುತ್ತಾರೆ. ಆದ್ದರಿಂದ ರಾತ್ರಿ 11.30ರಿಂದ 3ರ ಒಳಗೆ, ಎಲ್ಲ ತಂಡಗಳೂ ಒಂದೇ ರಾತ್ರಿ ಎಣಿಸಬೇಕು. ಇಂದು ಒಂದು ವಾರ್ಡ್, ನಾಳೆ ಇನ್ನೊಂದು ಎಂದರೆ ಒಬ್ಬರೇ ಎರಡು ಸಲ ಲೆಕ್ಕಕ್ಕೆ ಬರುತ್ತಾರೆ. ಜಾತ್ರೆ, ದಸರಾ ಹೊತ್ತಿನಲ್ಲಿ ಹೊರಗಿನವರು ಬಂದು ಸೇರಿರುತ್ತಾರೆ. ಗಣ್ಯರು ಬರುವ ಹಿಂದಿನ ದಿನಗಳಲ್ಲಿ ಪೊಲೀಸರು ಬೀದಿ ಖಾಲಿ ಮಾಡಿಸಿರುತ್ತಾರೆ. ಮಳೆಗಾಲದಲ್ಲಿ ಜನ ಕಣ್ಣಿಗೆ ಬೀಳದ ಮೂಲೆ ಸೇರಿಕೊಳ್ಳುತ್ತಾರೆ. ಈ ಮೂರೂ ಬೇಡ. ರಾತ್ರಿ ಪಾಳಿ ಮುಗಿಸಿ ಹಗಲು ಪಾರ್ಕಿನಲ್ಲಿ ಮಲಗುವವರಿಗೆ ಮರುದಿನ ಮಧ್ಯಾಹ್ನ ಇನ್ನೊಂದು ಸುತ್ತು ಹಾಕಿ.

ತಂಡಕ್ಕೆ ಮೂವರು ಸಾಕು. ಅವರಲ್ಲಿ ಒಬ್ಬರು ಹೆಂಗಸಾಗಿರಲಿ, ಒಬ್ಬರು ಬೀದಿಯಲ್ಲಿ ಬದುಕಿದವರಾಗಿರಲಿ, ಅವರಿಗೂ ಆ ರಾತ್ರಿಯ ಕೂಲಿ ಕೊಡಿ. ಪೊಲೀಸ್ ಠಾಣೆಗೆ ಮೊದಲೇ ತಿಳಿಸಿರಿ, ಆದರೆ ಜೀಪು ಜೊತೆಗೆ ಬರುವುದು ಬೇಡ. ಕರ್ನಾಟಕದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ. ಗುರುತಿನ ಚೀಟಿ ತೂಗುಹಾಕಿಕೊಂಡ ಗುಂಪು ಬಂದರೆ ಪುನರ್ವಸತಿ ಕೇಂದ್ರಕ್ಕೆ ಎಳೆದೊಯ್ಯಲು ಬಂದರೆಂದೇ ಜನ ಓಡುತ್ತಾರೆ. ಆ ಭಯ ಸುಳ್ಳಲ್ಲ, ಅದನ್ನು ಗೌರವಿಸಿ.

ಮಲಗಿದವರನ್ನು ಎಬ್ಬಿಸಬೇಡಿ. ಗಂಡಸು, ಹೆಂಗಸು, ಮಗು, ತಿಳಿಯಲಿಲ್ಲ – ಈ ನಾಲ್ಕರಲ್ಲಿ ಒಂದನ್ನು ಗುರುತು ಹಾಕಿ ಮುಂದೆ ಹೋಗಿ. ಒಂದೇ ಕಂಬಳಿಯಡಿ ತಾಯಿಯೂ ಎರಡು ಮಕ್ಕಳೂ ಇರಬಹುದು. ಅಲ್ಲಿ ಊಹಿಸಬೇಡಿ, ‘ಮುಚ್ಚಿದ ಹಾಸಿಗೆ’ ಎಂದು ಬರೆದು ಬೆಳಿಗ್ಗೆ ಐದೂವರೆಗೆ ಮತ್ತೆ ಹೋಗಿ. ಎಚ್ಚರ ಇದ್ದವರನ್ನು, ಅದರಲ್ಲೂ ಬಸ್ ನಿಲ್ದಾಣ ಮತ್ತು ಸರ್ಕಾರಿ ಆಸ್ಪತ್ರೆಯ ಆವರಣದಲ್ಲಿ, ಎರಡೇ ಮಾತು ಕೇಳಿ: ‘ನಿನ್ನೆ ರಾತ್ರಿ ಎಲ್ಲಿ ಮಲಗಿದ್ರಿ?’ ‘ಈ ಊರಲ್ಲಿ ಮಲಗೋಕೆ ನಿಮಗೆ ಬೇರೆ ಜಾಗ ಇದೆಯಾ?’ ಪ್ರಯಾಣಿಕರು, ರೋಗಿಯ ಕಡೆಯವರು ಯಾರೆಂದು ಇಷ್ಟರಲ್ಲೇ ಗೊತ್ತಾಗುತ್ತದೆ. ಉಳಿದವರಿಂದ, ಕೊನೆಯ ಉತ್ತರದಲ್ಲಿ ಹೇಳಿರುವ ಗುರುತಿನ ಸಂಕೇತವನ್ನಷ್ಟೇ ಬರೆದುಕೊಳ್ಳಿ. ಉದ್ಯೋಗ, ಕಾಯಿಲೆ, ಪಡಿತರ ಚೀಟಿಯ ಪ್ರಶ್ನೆಗಳನ್ನು ಹಗಲಿಗೆ ಇಟ್ಟುಕೊಳ್ಳಿ.

ಇಷ್ಟೆಲ್ಲ ಮಾಡಿದರೂ ಕೆಲವರು ತಪ್ಪಿಹೋಗುತ್ತಾರೆ. ಎಷ್ಟು ಜನ ತಪ್ಪಿದರು ಎಂಬುದನ್ನೂ ಅಳೆಯಬೇಕು. ಅದಿಲ್ಲದ ಎಣಿಕೆಯನ್ನು ನಾವು ಅರ್ಧ ಕೆಲಸ ಎನ್ನುತ್ತೇವೆ. ಒಂದು ವಾರ ಬಿಟ್ಟು ಅದೇ ಜಾಗಗಳಲ್ಲಿ ಮತ್ತೊಮ್ಮೆ ಎಣಿಸಿ. ಮೊದಲ ರಾತ್ರಿ ಗುರುತು ದಾಖಲಾದವರು 120, ಎರಡನೆಯ ರಾತ್ರಿ 100, ಎರಡೂ ಸಲ ಸಿಕ್ಕವರು 40 ಎಂದಿಟ್ಟುಕೊಳ್ಳಿ. 120ನ್ನು 100ರಿಂದ ಗುಣಿಸಿ 40ರಿಂದ ಭಾಗಿಸಿದರೆ ಅಂದಾಜು 300. ಈ ಲೆಕ್ಕ ಗುರುತಿನ ಮೇಲೆ ನಿಂತಿದೆ. ಆ 40ರಲ್ಲಿ 10 ಜನರನ್ನು ‘ಇವರು ಹೊಸಬರು’ ಎಂದು ತಪ್ಪಾಗಿ ಬರೆದರೆ ಅಂದಾಜು 400ಕ್ಕೆ ಹಾರುತ್ತದೆ. ಯಾವಾಗಲೂ ಒಂದೇ ಕಟ್ಟೆಯಲ್ಲಿ ಮಲಗುವವರು ಎರಡೂ ಸಲ ಸಿಕ್ಕು, ಅಲೆದಾಡುವವರು ಎರಡೂ ಸಲ ತಪ್ಪಿದರೆ ಉತ್ತರ ನಿಜಕ್ಕಿಂತ ಕಡಿಮೆ ಬರುತ್ತದೆ. ಮಲಗಿದ್ದವರಿಂದ ಗುರುತು ಪಡೆಯಲಾಗದ ಕಾರಣ ಈ ಲೆಕ್ಕ ಮಾತಾಡಿಸಿದವರಿಗೆ ಮಾತ್ರ ಹೊಂದುತ್ತದೆ ಎಂಬುದನ್ನೂ ವರದಿಯಲ್ಲಿ ಹೇಳಿ.

ಇನ್ನೊಂದು ದಾರಿ, ಎಣಿಸುವವರಿಗೆ ಹೇಳದೆ ನಮ್ಮವರನ್ನೇ ವಸತಿರಹಿತರಂತೆ ಅಲ್ಲಲ್ಲಿ ಕೂರಿಸಿ, ಅವರಲ್ಲಿ ಎಷ್ಟು ಜನ ಲೆಕ್ಕಕ್ಕೆ ಸಿಕ್ಕರೆಂದು ನೋಡುವುದು. ನ್ಯೂಯಾರ್ಕ್ ನಗರದಲ್ಲಿ 2005ರಲ್ಲಿ ಹೀಗೆ ಪರೀಕ್ಷಿಸಿದಾಗ ಕೂರಿಸಿದ ಜಾಗಗಳಲ್ಲಿ 29 ಶೇಕಡ ಎಣಿಕೆಯಿಂದ ತಪ್ಪಿಹೋಗಿದ್ದವು. ಅಷ್ಟೊಂದು ಸ್ವಯಂಸೇವಕರಿರುವ ಊರಿನಲ್ಲೇ ಹೀಗಾದರೆ ನಮ್ಮಲ್ಲಿ ‘ಒಬ್ಬರನ್ನೂ ಬಿಟ್ಟಿಲ್ಲ’ ಎನ್ನುವ ವರದಿಯನ್ನು ನಂಬಬೇಡಿ.

ಪ್ರಶ್ನೆ: ಜನಗಣತಿಯ ಅಂಕಿಗೂ ಸಂಘಟನೆಗಳು ಹೇಳುವ ‘ನಗರದ ಜನರಲ್ಲಿ ಶೇಕಡ ಒಂದರಷ್ಟು ವಸತಿರಹಿತರು’ ಎಂಬ ಲೆಕ್ಕಕ್ಕೂ ಇಷ್ಟೊಂದು ಅಂತರ ಏಕೆ?

ಉತ್ತರ: 2011ರ ಜನಗಣತಿಯಲ್ಲಿ ದೇಶದ ವಸತಿರಹಿತರು 17.73 ಲಕ್ಷ. 2001ರಲ್ಲಿ 19.43 ಲಕ್ಷ. ಒಟ್ಟು ಇಳಿದಂತೆ ಕಂಡರೂ ನಗರಗಳಲ್ಲಿ 7.78 ಲಕ್ಷದಿಂದ 9.38 ಲಕ್ಷಕ್ಕೆ ಏರಿದೆ. ನಗರ ಜನಸಂಖ್ಯೆ ಸುಮಾರು 37.7 ಕೋಟಿ ಇದ್ದುದರಿಂದ ಇದು ಶೇಕಡ 0.25. ಅಂದರೆ ಹತ್ತು ಲಕ್ಷ ಜನರ ಊರಿಗೆ ಜನಗಣತಿಯ ಸರಾಸರಿಯಂತೆ 2,500, ಶೇಕಡ ಒಂದರಂತೆ 10,000.

ಜನಗಣತಿಯಲ್ಲಿ ಅವರನ್ನು ಎಣಿಸಲು ಸಿಕ್ಕಿದ್ದು ಒಂದೇ ರಾತ್ರಿ, 2011ರ ಫೆಬ್ರುವರಿ 28. ಮನೆಗಳಿಗೆ ಸುಮಾರು ಮೂರು ವಾರ ಸಿಕ್ಕಿತ್ತು. ಮನೆಯಲ್ಲಿ ಇಲ್ಲದವರನ್ನು ಹುಡುಕಿ ಮತ್ತೆ ಹೋಗಬಹುದು. ಫುಟ್‌ಪಾತಿನಲ್ಲಿ ಅಂದು ಸಿಗದವರು ಲೆಕ್ಕದಿಂದ ಹೋದಂತೆಯೇ. ‘ಶೇಕಡ ಒಂದು’ ಎಂಬುದಾದರೋ ಯೋಜನೆಗೆ ಇಟ್ಟುಕೊಂಡ ಸ್ಥೂಲ ಅಂದಾಜು, ತಲೆ ಎಣಿಸಿದ್ದಲ್ಲ. ಎರಡನ್ನೂ ನಿಮ್ಮ ಊರಿನ ಅಂಕಿಯೆಂದು ಹೇಳಬೇಡಿ. ಕಣ್ಣಾರೆ ಕಂಡ ಸಂಖ್ಯೆಯನ್ನು ಕನಿಷ್ಠ ಮಿತಿಯಾಗಿಯೂ ಎರಡು ರಾತ್ರಿಯ ಅಂದಾಜನ್ನು ಅದರ ಪಕ್ಕದಲ್ಲಿಯೂ ಬರೆಯಿರಿ.

ಲೆಕ್ಕ ಕಡಿಮೆ ಬಂದರೆ ತಂಗುದಾಣವೇ ಕಡಿಮೆಯಾಗುತ್ತದೆ ಎಂಬ ಆತಂಕ ಸಹಜ. 2024ರಲ್ಲಿ ಅವಧಿ ಮುಗಿದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯಲ್ಲಿ ನಗರದ ಪ್ರತಿ ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಮಂದಿಗೆ ಕಾಯಂ ಆಶ್ರಯ, ಒಬ್ಬರಿಗೆ 50 ಚದರಡಿ ಜಾಗ ಎಂದಿತ್ತು. ಆ ಕನಿಷ್ಠವನ್ನು ಕೇಳಲು ಸಮೀಕ್ಷೆ ಮುಗಿಯುವವರೆಗೆ ಕಾಯಬೇಕಿಲ್ಲ.

ಪ್ರಶ್ನೆ: ಗುರುತಿಗೆ ಆಧಾರ್ ಸಂಖ್ಯೆ, ಫೋಟೊ ತೆಗೆದುಕೊಳ್ಳಬಹುದೇ?

ಉತ್ತರ: ಬೇಡ. ಹಲವರ ಬಳಿ ಆಧಾರ್ ಇರುವುದಿಲ್ಲ, ಇದ್ದವರು ಕಳೆದುಕೊಳ್ಳುವ ಹೆದರಿಕೆಗೆ ತೋರಿಸುವುದಿಲ್ಲ. ಮನೆ ಬಿಟ್ಟು ಬಂದ ಹೆಂಗಸಿನ ಫೋಟೊ ಯಾರ ಕೈಗೋ ಸಿಕ್ಕರೆ ಪ್ರಾಣಕ್ಕೇ ಅಪಾಯ. ಹೆಸರಿನ ಮೊದಲ ಅಕ್ಷರ, ತಾಯಿಯ ಹೆಸರಿನ ಮೊದಲ ಅಕ್ಷರ, ಹುಟ್ಟಿದ ತಾಲ್ಲೂಕು, ಗಂಡೋ ಹೆಣ್ಣೋ, ಹತ್ತು ವರ್ಷದ ಅಂತರದಲ್ಲಿ ವಯಸ್ಸು – ಇಷ್ಟನ್ನು ಸೇರಿಸಿ ಸಂಕೇತ ಮಾಡಿ. ಜನ್ಮದಿನಾಂಕ ಕೇಳಬೇಡಿ, ಪ್ರತಿ ಸಲ ಬೇರೆ ಉತ್ತರ ಬರುತ್ತದೆ. ಎರಡೂ ರಾತ್ರಿಯ ಹೋಲಿಕೆ ಮುಗಿದ ಮೇಲೆ ಆ ಹಾಳೆಗಳನ್ನು ಸುಟ್ಟುಬಿಡಿ.

ಜಾಗಗಳ ನಕ್ಷೆಯನ್ನು ಮಾತ್ರ ಇಟ್ಟುಕೊಳ್ಳಿ. ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಶುರುವಾಗುವ ನಡುರಾತ್ರಿಯನ್ನು (ಫೆಬ್ರುವರಿ 28 ಮುಗಿಯುವ ಹೊತ್ತು) ಉಲ್ಲೇಖ ಸಮಯ, ಅಂದರೆ ಲೆಕ್ಕ ಯಾವ ಕ್ಷಣದ್ದೆಂದು ಹೇಳುವ ಹೊತ್ತು, ಎಂದು ಅಧಿಸೂಚಿಸಲಾಗಿದೆ. ನಿಮ್ಮ ಊರಿನ ಗಣತಿ ಅಧಿಕಾರಿಗಳಿಗೆ ಅದರ ಪ್ರತಿಯನ್ನು ಕೆಲವು ತಿಂಗಳು ಮೊದಲೇ ಕೊಟ್ಟು, ಸ್ವೀಕೃತಿ ಪಡೆಯಿರಿ. ಜಾಗದ ಹೆಸರು, ಜನ ಬಂದು ಮಲಗುವ ಹೊತ್ತು, ಎಷ್ಟು ಮಂದಿ ಸಿಗಬಹುದು ಎಂಬುದಷ್ಟೇ ಅದರಲ್ಲಿ ಇರಲಿ. ವ್ಯಕ್ತಿಗಳ ಯಾವ ವಿವರವೂ ಬೇಡ.