ಓದುಗರ ಪ್ರಶ್ನೆ, ನಮ್ಮ ಉತ್ತರ: ಕಲೋನಿನ ಹೊರಸುತ್ತು

ಪ್ರಶ್ನೆ: ನಾನು ವಿರಾಜಪೇಟೆಯ ನಿವೃತ್ತ ಶಾಲಾ ಶಿಕ್ಷಕಿ. ಜರ್ಮನಿಯಲ್ಲಿ ಕೆಲಸದಲ್ಲಿರುವ ಮಗ ಈ ಸಲ ಕಾಫಿ ಕೊಯ್ಲು ಮುಗಿದ ಮೇಲೆ ನಮ್ಮಿಬ್ಬರನ್ನೂ ಕರೆಸಿಕೊಳ್ಳುತ್ತಿದ್ದಾನೆ. ಕಲೋನ್ ನಗರದ ಪ್ರಸಿದ್ಧ ಗಾಥಿಕ್ ಕ್ಯಾಥೆಡ್ರಲ್ ನೋಡಲು, ಗೈಡ್ ಜೊತೆಯಲ್ಲಿ ನಡೆಯುವ ಒಂದೂವರೆ ಗಂಟೆಯ ಸುತ್ತಿಗೆ ಹಣವನ್ನೂ ಕಟ್ಟಿದ್ದಾನೆ. ವಿಚಾರಿಸಿದರೆ ಆ ಸುತ್ತು ಪೂರ್ತಿ ಹೊರಗಡೆಯೇ ಅಂತೆ, ಒಳಗೆ ಕಾಲಿಡುವುದೇ ಇಲ್ಲವಂತೆ. ಅಷ್ಟು ದೂರ ಹೋಗಿ ಗೋಡೆ ಸುತ್ತಿ ಬರುವುದರಲ್ಲಿ ಏನಿದೆ?

ಉತ್ತರ: ಅಮ್ಮಾ, ಶಾಲೆಯ ಮಕ್ಕಳನ್ನು ಹಳೇಬೀಡಿಗೆ ಪ್ರವಾಸಕ್ಕೆ ಕರೆದುಕೊಂಡು ಹೋದ ದಿನವನ್ನು ಒಮ್ಮೆ ನೆನಪಿಸಿಕೊಳ್ಳಿ. ಗರ್ಭಗುಡಿಯ ಮುಂದೆ ಕೈ ಮುಗಿದು ನಿಂತದ್ದು ಐದು ನಿಮಿಷವಾದರೆ, ಹೊರಗೋಡೆಯ ಆನೆಗಳ ಸಾಲು, ಕುದುರೆಗಳ ಸಾಲು, ರಾಮಾಯಣದ ಕಥೆ ಎಂದು ಮಕ್ಕಳಿಗೆ ತೋರಿಸುತ್ತಾ ಸುತ್ತಿದ್ದು ಒಂದು ಗಂಟೆಯಾದರೂ ಆಗಿರುತ್ತದೆ. ಕಲೋನಿನಲ್ಲಿಯೂ ಹೊರಗೋಡೆಗೆ ಅಷ್ಟೇ ಹೊತ್ತು ಸಲ್ಲಬೇಕು. ಒಳಗೆ ನೀವು ಆಮೇಲೆ ನಿಮ್ಮಷ್ಟಕ್ಕೆ ಹೋಗಿ ಕುಳಿತುಕೊಳ್ಳಬಹುದು, ಅಲ್ಲಿ ಮಾತಿಗಿಂತ ಮೌನವೇ ಹೆಚ್ಚು ಉಪಕಾರಿ. ಹೊರಗಡೆಗೆ ಮಾತ್ರ ತಿಳಿದವರೊಬ್ಬರು ಪಕ್ಕದಲ್ಲಿರಬೇಕು, ಏಕೆಂದರೆ ಆ ಕಟ್ಟಡವನ್ನು ಯಾವಾಗ ಕಟ್ಟಿದರು, ಎಲ್ಲಿ ನಿಲ್ಲಿಸಿದರು, ಎಲ್ಲಿ ಮುರಿಯಿತು, ಯಾರು ಸರಿಪಡಿಸಿದರು ಎಂಬುದೆಲ್ಲ ಹೊರಮೈಯಲ್ಲೇ ಬರೆದಿದೆ, ಹೇಳಿಕೊಡದೆ ಅದು ನಮ್ಮ ಕಣ್ಣಿಗೆ ಓದಲು ಬರುವುದಿಲ್ಲ.

ಆ ಕಥೆಯನ್ನು ಸ್ವಲ್ಪದರಲ್ಲಿ ಹೇಳುತ್ತೇನೆ. 1248ರ ಆಗಸ್ಟ್ 15ರಂದು ಅಡಿಗಲ್ಲು ಬಿತ್ತು. ಪೂರ್ವ ತುದಿಯಲ್ಲಿ ಬಲಿಪೀಠವಿರುವ ಭಾಗ ಮುಗಿದು 1322ರಲ್ಲಿ ಪೂಜೆಗೆ ತೆರೆಯಿತು. ಮುಂದೆ ಕೆಲಸ ನಿಧಾನವಾಗಿ, ಹದಿನಾರನೆಯ ಶತಮಾನದಲ್ಲಿ ನಿಂತೇಹೋಯಿತು. ಅರ್ಧಕ್ಕೆ ನಿಂತ ದಕ್ಷಿಣ ಗೋಪುರದ ತಲೆಯ ಮೇಲೆ ಕಲ್ಲೆತ್ತುವ ಮರದ ಕ್ರೇನೊಂದು ಸುಮಾರು ನಾನೂರು ವರ್ಷ ಹಾಗೆಯೇ ನಿಂತಿತ್ತು. ಹತ್ತಾರು ತಲೆಮಾರಿನ ಜನ ಆ ಕ್ರೇನನ್ನೇ ತಮ್ಮ ಊರಿನ ಗುರುತೆಂದು ನೋಡುತ್ತಾ ಹುಟ್ಟಿ, ಬಾಳಿ, ಕಣ್ಮುಚ್ಚಿದರು ಎನ್ನುವುದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ. 1814ರಲ್ಲಿ, ಮುಂಭಾಗವನ್ನು ಹೇಗೆ ಕಟ್ಟಬೇಕೆಂದು ಮಧ್ಯಯುಗದಲ್ಲಿ ಬರೆದಿಟ್ಟ ನಕ್ಷೆಯ ಅರ್ಧ ಭಾಗ ಡಾರ್ಮ್‌ಸ್ಟಾಟ್ ಊರಿನಲ್ಲಿ ಸಿಕ್ಕಿತು, ಉಳಿದರ್ಧ 1816ರಲ್ಲಿ ಪ್ಯಾರಿಸ್ಸಿನಲ್ಲಿ ಸಿಕ್ಕಿತು. ಎರಡನ್ನೂ ಜೋಡಿಸಿದರೆ ನಾಲ್ಕು ಮೀಟರಿಗೂ ಎತ್ತರದ ಚರ್ಮಪತ್ರ. 1842ರಲ್ಲಿ ಮತ್ತೆ ಕೆಲಸ ಆರಂಭವಾಗಿ, ಆ ಹಳೆಯ ನಕ್ಷೆಯಂತೆಯೇ ಎರಡು ಗೋಪುರಗಳೂ ಎದ್ದು, 1880ರಲ್ಲಿ ಕಟ್ಟಡ ಮುಗಿಯಿತು. ಎತ್ತರ 157 ಮೀಟರ್. ಅಮೆರಿಕದ ವಾಷಿಂಗ್ಟನ್ ಸ್ಮಾರಕ ಏಳುವ ತನಕ, ನಾಲ್ಕು ವರ್ಷ, ಅದು ಜಗತ್ತಿನಲ್ಲೇ ಅತಿ ಎತ್ತರದ ಕಟ್ಟಡವಾಗಿತ್ತು.

ಹೀಗಾಗಿ ನೀವು ಸುತ್ತುವುದು ಒಂದು ಕಾಲದ ಕಟ್ಟಡವನ್ನಲ್ಲ. ಪೂರ್ವಕ್ಕೆ ನಿಂತರೆ ಹದಿಮೂರನೆಯ ಶತಮಾನ, ದಕ್ಷಿಣದ ಬಾಗಿಲಿಗೆ ಬಂದರೆ ಹತ್ತೊಂಬತ್ತನೆಯ ಶತಮಾನ. ಪಶ್ಚಿಮದ ಮೂರು ಬಾಗಿಲುಗಳಲ್ಲಿ ಬಲಗಡೆಯದು, ಅಂದರೆ ಸಂತ ಪೇತ್ರರ ಬಾಗಿಲು ಮಾತ್ರ ಮಧ್ಯಯುಗದ್ದು. ಮೂರನ್ನೂ ಒಟ್ಟಿಗೆ ನೋಡಿ ವ್ಯತ್ಯಾಸವನ್ನು ನೀವೇ ಹುಡುಕಿ, ಆಮೇಲೆ ಗೈಡ್ ಅನ್ನು ಕೇಳಿ. ದಕ್ಷಿಣದ ಕಂಚಿನ ಬಾಗಿಲುಗಳು ಇನ್ನೂ ಈಚಿನವು, ಎರಡನೆಯ ಮಹಾಯುದ್ಧ ಮುಗಿದ ಮೇಲೆ ಎವಾಲ್ಡ್ ಮಟಾರೆ ಎಂಬ ಶಿಲ್ಪಿ ಮಾಡಿದಂಥವು. ಅವುಗಳಲ್ಲಿ ಒಂದರ ಮೇಲೆ, ಉರಿಯುತ್ತಿರುವ ಕಲೋನ್ ನಗರವೇ ಇದೆ. ಯುದ್ಧದಲ್ಲಿ ಈ ಕ್ಯಾಥೆಡ್ರಲ್ಲಿಗೆ ದೊಡ್ಡ ಬಾಂಬುಗಳೇ ಹದಿನಾಲ್ಕು ಬಿದ್ದವು. 1943ರಲ್ಲಿ ಉತ್ತರ ಗೋಪುರದ ಒಂದು ಮೂಲೆ ಹಾರಿಹೋದಾಗ, ಗೋಪುರ ಕುಸಿಯದಿರಲೆಂದು ಆ ತೂತಿಗೆ ಅವಸರದಲ್ಲಿ ಇಟ್ಟಿಗೆ ಕಟ್ಟಿದರು. ಊರಿನವರು ಅದನ್ನು ಹಲ್ಲಿನ ಕುಳಿಗೆ ತುಂಬಿಸಿದ ಸಿಮೆಂಟಿಗೆ ಹೋಲಿಸಿ ಹೆಸರಿಟ್ಟರು. ಆ ಇಟ್ಟಿಗೆಯ ತೇಪೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಣ್ಣಿಗೆ ಕಾಣುತ್ತಿತ್ತು, 2005ರ ಹೊತ್ತಿಗೆ ಅದರ ಮೇಲೆ ಕಲ್ಲಿನ ಹೊದಿಕೆ ಬಂತು. ಆ ಮೂಲೆ ಯಾವುದೆಂದು ತಪ್ಪದೆ ಕೇಳಿ, ಸುತ್ತಿನಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಲ್ಲಬೇಕೆನಿಸಿದ ಜಾಗ ಅದು.

ಇನ್ನೊಂದು ಮಾತು. ಪಶ್ಚಿಮದ ಬಯಲಿನಲ್ಲಿ, ಗೋಪುರದ ತುತ್ತತುದಿಯ ಕಲ್ಲಿನ ಹೂವಿನ ಪ್ರತಿರೂಪವನ್ನು ನಿಜ ಅಳತೆಯಲ್ಲೇ ನೆಲದ ಮೇಲೆ ನಿಲ್ಲಿಸಿದ್ದಾರೆ, ಅದರ ಎತ್ತರ ಒಂಬತ್ತೂವರೆ ಮೀಟರ್. ಮೊದಲು ಅದರ ಬುಡದಲ್ಲಿ ನಿಂತು ನಿಮ್ಮ ಯಜಮಾನರ ಎತ್ತರಕ್ಕೆ ಹೋಲಿಸಿ ನೋಡಿ, ಆಮೇಲೆ ತಲೆಯೆತ್ತಿ ಗೋಪುರದ ತುದಿಯನ್ನು ನೋಡಿ. ಅಷ್ಟು ದೊಡ್ಡ ಹೂವು ಅಲ್ಲಿ ಕಾಫಿಯ ಮೊಗ್ಗಿನಷ್ಟು ಕಾಣುತ್ತದೆ. 157 ಮೀಟರ್ ಎಂದರೆ ಎಷ್ಟೆಂದು ನನಗೆ ನಿಜವಾಗಿ ಅರ್ಥವಾದದ್ದು ಆಗಲೇ.

ಪ್ರಶ್ನೆ: ಸೋಮವಾರಪೇಟೆಯಿಂದ ಬರೆಯುತ್ತಿದ್ದೇನೆ, ಸಿವಿಲ್ ಡಿಪ್ಲೊಮಾ ವಿದ್ಯಾರ್ಥಿ. ಗಾಥಿಕ್ ಚರ್ಚುಗಳ ಚಿತ್ರಗಳಲ್ಲಿ ಗೋಡೆಯ ಹೊರಗೆ ಅರ್ಧ ಕಮಾನುಗಳು ಗಾಳಿಯಲ್ಲಿ ಚಾಚಿಕೊಂಡಿರುತ್ತವೆ. ಅವು ಅಲಂಕಾರವೋ, ಅಗತ್ಯವೋ?

ಉತ್ತರ: ಅಗತ್ಯ. ಅವುಗಳನ್ನು ತೆಗೆದರೆ ಕಟ್ಟಡ ನಿಲ್ಲುವುದಿಲ್ಲ. ಫ್ಲೈಯಿಂಗ್ ಬಟ್ರೆಸ್ ಎಂದು ನಿಮ್ಮ ಪಠ್ಯದಲ್ಲಿ ಇರುವ ಇದನ್ನು ಇಲ್ಲಿ ಆನಿಕೆ ಕಮಾನು ಎಂದು ಕರೆಯೋಣ. ಕಲೋನಿನಲ್ಲಿ ಒಳಗಿನ ಕಲ್ಲಿನ ಚಾವಣಿ ನೆಲದಿಂದ 43 ಮೀಟರ್ ಮೇಲಿದೆ. ಕಮಾನಾಗಿ ಕಟ್ಟಿದ ಚಾವಣಿ ತನ್ನ ಭಾರವನ್ನು ಕೆಳಕ್ಕಷ್ಟೇ ಅಲ್ಲ, ಹೊರಕ್ಕೂ ತಳ್ಳುತ್ತದೆ. ಹಿಂದಿನವರು ಆ ತಳ್ಳುವಿಕೆಯನ್ನು ಆಳೆತ್ತರದಷ್ಟು ದಪ್ಪದ ಗೋಡೆ ಕಟ್ಟಿ ತಡೆಯುತ್ತಿದ್ದರು, ಹಾಗಾಗಿ ಕಿಟಕಿಗಳು ಸಣ್ಣವಾಗಿ ಒಳಗೆ ಕತ್ತಲೆ ಇರುತ್ತಿತ್ತು. ಹನ್ನೆರಡನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಸುತ್ತಮುತ್ತಲಿನ ಮೇಸ್ತ್ರಿಗಳು ಮೂರು ಉಪಾಯಗಳನ್ನು ಒಂದೆಡೆ ತಂದರು. ದುಂಡು ಕಮಾನಿನ ಬದಲಿಗೆ ಚೂಪು ಕಮಾನು ಮಾಡಿದರು, ಅದು ಹೊರಕ್ಕೆ ತಳ್ಳುವುದು ಕಡಿಮೆ. ಚಾವಣಿಯ ಭಾರವನ್ನು ಕಲ್ಲಿನ ಪಕ್ಕೆಲುಬುಗಳ ಮೂಲಕ ಕೆಲವೇ ಕಂಬಗಳಿಗೆ ಇಳಿಸಿದರು. ಉಳಿದ ತಳ್ಳುವಿಕೆಯನ್ನು, ಗೊನೆ ಬಿಟ್ಟ ಬಾಳೆಗೆ ಊರುಗೋಲು ಕೊಟ್ಟ ಹಾಗೆ, ಹೊರಗಿನಿಂದ ಆನಿಕೆ ಕಮಾನುಗಳು ಹಿಡಿದುಕೊಂಡವು. ಗೋಡೆಗೆ ಹೊರುವ ಕೆಲಸ ತಪ್ಪಿದ್ದರಿಂದ ಅದರ ಜಾಗಕ್ಕೆ ಗಾಜು ಬಂತು. ಕಲೋನಿನ ಕಿಟಕಿಗಳನ್ನು ಒಟ್ಟು ಸೇರಿಸಿದರೆ ಸುಮಾರು 10,000 ಚದರ ಮೀಟರ್ ಆಗುತ್ತದೆ.

ಈಗ ನೀವು ಕೇಳದಿದ್ದರೂ ಹೇಳಲೇಬೇಕಾದ ಒಂದು ಸೂಕ್ಷ್ಮವಿದೆ. ಆನಿಕೆ ಕಮಾನು ಬಂದು ಸೇರುವ ಹೊರಗಂಬದ ತಲೆಯ ಮೇಲೆ ಪುಟ್ಟ ಗೋಪುರದಂತಹ ಕಲ್ಲಿನ ಶಿಖರವೊಂದು ಇರುತ್ತದೆ. ನೋಡಿದವರೆಲ್ಲ ಅದನ್ನು ಶೃಂಗಾರವೆಂದೇ ತಿಳಿಯುತ್ತಾರೆ. ನಿಮ್ಮ ಕಡೆ ಕರಿಮೆಣಸು ಕೊಯ್ಯುವಾಗ ಸಿಲ್ವರ್ ಓಕ್ ಮರಕ್ಕೆ ಏಣಿ ಆನಿಸುವುದನ್ನು ನೋಡಿರುತ್ತೀರಿ. ಏಣಿಯ ಬುಡ ಹಿಂದಕ್ಕೆ ಜಾರದಿರಲೆಂದು ಕೆಳಗಡೆ ಒಬ್ಬರು ಮೊದಲ ಮೆಟ್ಟಿಲ ಮೇಲೆ ಕಾಲೂರಿ ನಿಲ್ಲುತ್ತಾರೆ. ಅವರು ಏಣಿಯನ್ನು ಮುಂದಕ್ಕೆ ತಳ್ಳುವುದಿಲ್ಲ, ತಮ್ಮ ಮೈಭಾರವನ್ನು ಕೆಳಮುಖವಾಗಿ ಹಾಕುತ್ತಾರೆ ಅಷ್ಟೆ, ಆದರೆ ಅದರಿಂದಲೇ ಬುಡ ನೆಲಕ್ಕೆ ಕಚ್ಚಿಕೊಳ್ಳುತ್ತದೆ. ಕಲ್ಲಿನ ಶಿಖರ ಮಾಡುವುದೂ ಇದನ್ನೇ. ಓರೆಯಾಗಿ ಬಂದ ಒತ್ತಡವನ್ನು ತನ್ನ ಭಾರದಿಂದ ನೆಲದ ಕಡೆಗೆ ಬಗ್ಗಿಸುತ್ತದೆ. ಕಟ್ಟಡದ ಪೂರ್ವ ತುದಿಗೆ ಹೋಗಿ ನಿಂತರೆ ಈ ಆನಿಕೆಗಳು ಒಂದರ ಹಿಂದೊಂದು ಅರ್ಧಚಂದ್ರಾಕಾರದಲ್ಲಿ ನಿಂತಿರುವುದು ಕಾಣುತ್ತದೆ, ಡ್ರಾಯಿಂಗ್ ಹಾಳೆಯಲ್ಲಿ ಬಾಣದ ಗುರುತು ಹಾಕಿ ಕಲಿತದ್ದು ಅಲ್ಲಿ ಕಲ್ಲಾಗಿ ನಿಂತಿದೆ.

ಮಳೆನಾಡಿನವರಿಗೆ ಬೇಗ ಅರ್ಥವಾಗುವ ಮತ್ತೊಂದು ಅಂಗವೆಂದರೆ ಗಾರ್ಗಾಯ್ಲ್‌ಗಳು. ಬಾಯಿ ತೆರೆದು ಕತ್ತು ಚಾಚಿದ ಆ ವಿಕಾರ ಪ್ರಾಣಿಗಳು ಚಾವಣಿಯ ನೀರನ್ನು ಗೋಡೆಗೆ ತಾಗದಂತೆ ದೂರಕ್ಕೆ ಉಗುಳುವ ತೂಬುಗಳು. ನಮ್ಮ ದೇವಸ್ಥಾನಗಳಲ್ಲಿ ಅಭಿಷೇಕದ ನೀರು ಹೊರಬರುವ ಗೋಮುಖವನ್ನು ನೆನೆಸಿಕೊಳ್ಳಿ. ಗೋಡೆಯ ಮೇಲೆ ಹರಿದ ನೀರು ಸಂದಿಯ ಗಾರೆಯನ್ನು ತೊಳೆದುಬಿಡುತ್ತದೆ ಎಂಬುದನ್ನು ಕೊಡಗಿನಲ್ಲಿ ಮನೆ ಕಟ್ಟಿಸಿದ ಯಾರಿಗೂ ವಿವರಿಸಬೇಕಾಗಿಲ್ಲ.

ಪ್ರಶ್ನೆ: ಮಡಿಕೇರಿಯಿಂದ. ನನ್ನ ಅಣ್ಣ ಕಳಿಸಿದ ಫೋಟೋಗಳಲ್ಲಿ ಕಲೋನ್ ಕ್ಯಾಥೆಡ್ರಲ್ ಮಸಿ ಹಿಡಿದ ಒಲೆಯಂತೆ ಕಪ್ಪಗಿದೆ. ಅಷ್ಟು ಅನುಕೂಲವಿರುವ ದೇಶದವರು ಅದನ್ನು ತೊಳೆಯಬಾರದೇ?

ಉತ್ತರ: ಆ ಕಪ್ಪು ಹೆಚ್ಚಾಗಿ ಕಲ್ಲಿದ್ದಲ ಹೊಗೆಯ ಕೊಡುಗೆ. ಕ್ಯಾಥೆಡ್ರಲ್ಲಿನ ಮಗ್ಗುಲಲ್ಲೇ ನಗರದ ಮುಖ್ಯ ರೈಲು ನಿಲ್ದಾಣವಿದೆ. ಹೊಗೆಯಲ್ಲಿದ್ದ ಗಂಧಕದ ಅಂಶ ಮಳೆನೀರಿನ ಜೊತೆ ಸೇರಿ ಆಮ್ಲವಾಗಿ ಕಲ್ಲನ್ನು ತಿನ್ನುತ್ತದೆ. ಕೆಲವು ಬಗೆಯ ಮರಳುಗಲ್ಲುಗಳಲ್ಲಿ ಕಣಗಳನ್ನು ಹಿಡಿದಿಟ್ಟ ಸುಣ್ಣದ ಅಂಶ ಹೀಗೆ ಜಿಪ್ಸಮ್ ಆಗಿ ಮಾರ್ಪಟ್ಟು, ಕೈ ಸವರಿದರೆ ಪುಡಿಯುದುರುವ ಸ್ಥಿತಿಗೆ ಬರುತ್ತದೆ. ಅಂತಹ ಮೈಯನ್ನು ಉಜ್ಜಿ ತೊಳೆದರೆ ಕೊಳೆಯ ಜೊತೆಗೆ ಶಿಲ್ಪದ ಮೂಗು, ಬೆರಳುಗಳೂ ಹೋಗುತ್ತವೆ. ಆದ್ದರಿಂದ ಅಲ್ಲಿನವರು ಕಟ್ಟಡವನ್ನು ಬೆಳ್ಳಗೆ ಮಾಡುವುದಕ್ಕಿಂತ, ಸತ್ತ ಕಲ್ಲನ್ನು ತೆಗೆದು ಅದೇ ಆಕಾರದ ಹೊಸ ಕಲ್ಲನ್ನು ಕೂರಿಸುವುದಕ್ಕೆ ಹೆಚ್ಚು ಶ್ರಮ ಹಾಕುತ್ತಾರೆ. ಇದಕ್ಕಾಗಿಯೇ ಕ್ಯಾಥೆಡ್ರಲ್ಲಿಗೆ ಅಂಟಿಕೊಂಡಂತೆ ಸ್ವಂತ ಕಾರ್ಯಾಗಾರವಿದೆ. ಕಲ್ಲುಕುಟಿಗರು, ಕಮ್ಮಾರರು, ಬಡಗಿಗಳು, ಗಾಜಿನ ಕೆಲಸದವರು ಅಲ್ಲಿ ವರ್ಷವಿಡೀ ದುಡಿಯುತ್ತಾರೆ. ಒಂದಲ್ಲ ಒಂದು ಕಡೆ ಅಟ್ಟಣಿಗೆ ಕಟ್ಟಿಯೇ ಇರುತ್ತದೆ. ನಿಮ್ಮ ಅಣ್ಣನ ಫೋಟೋಕ್ಕೆ ಅದು ಅಡ್ಡ ಬಂದಿದ್ದರೆ ದಯವಿಟ್ಟು ಬೇಸರಪಡಬೇಡಿ, ಆ ಕಟ್ಟಡ ಇನ್ನೂ ಉಳಿದಿರುವುದು ಅದರ ದೆಸೆಯಿಂದಲೇ.

ಕಪ್ಪಿನ ಒಳಗೂ ಬಗೆಬಗೆಯ ಕಲ್ಲುಗಳಿವೆ. ಮಧ್ಯಯುಗದ ಭಾಗಕ್ಕೆ ಬಳಸಿದ್ದು ಟ್ರಾಕೈಟ್ ಎಂಬ ಜ್ವಾಲಾಮುಖಿ ಶಿಲೆ. ರೈನ್ ನದಿಯ ದಡದ ಡ್ರಾಕೆನ್‌ಫೆಲ್ಸ್ ಬೆಟ್ಟದಲ್ಲಿ ಕಡಿದು, ದೋಣಿಯಲ್ಲಿ ನದಿಯ ಹರಿವಿನ ಜೊತೆಗೆ ಇಳಿಸಿ ತಂದದ್ದು. ನಾನು ಆ ಸುತ್ತಿನಲ್ಲಿ ನಡೆದ ದಿನ, ನಮ್ಮ ಗೈಡ್ ಆಗಿದ್ದ ಹಿರಿಯ ಹೆಂಗಸು ಕೈಚೀಲದಿಂದ ಒಂದು ಸಣ್ಣ ಟಾರ್ಚ್ ತೆಗೆದು, ಪೂರ್ವದ ಗೋಡೆಯ ಒಂದು ಕಲ್ಲಿನ ಮೇಲೆ ಓರೆಯಾಗಿ ಬೆಳಕು ಬಿಟ್ಟರು. ಬೂದು ಮೈಯಲ್ಲಿ ಉಗುರಿನಷ್ಟು ಅಗಲದ, ಬಿಳಿಯ ಚಪ್ಪಟೆ ಹರಳುಗಳು ಫಳಕ್ಕೆಂದು ಹೊಳೆದವು, ಕೆಲವು ಕಡೆ ಹರಳು ಉದುರಿ, ಬೆರಳ ತುದಿ ಹಿಡಿಸುವಷ್ಟು ಗುಳಿಗಳಾಗಿದ್ದವು. ಆ ಹರಳು ಕಂಡರೆ ಟ್ರಾಕೈಟ್ ಎಂದು ಗುರುತು. 1836ರಲ್ಲಿ ಪ್ರಶ್ಯದ ಸರ್ಕಾರ ಆ ಬೆಟ್ಟವನ್ನು ಕೊಂಡು ಅಲ್ಲಿ ಕಲ್ಲು ಕಡಿಯುವುದನ್ನು ನಿಲ್ಲಿಸಿತು. ಹಾಗಾಗಿ ಹತ್ತೊಂಬತ್ತನೆಯ ಶತಮಾನದ ಭಾಗಗಳಲ್ಲಿ ಮರಳುಗಲ್ಲು ಹೆಚ್ಚಾಗಿ ಕಾಣುತ್ತದೆ. ಬೆಟ್ಟ ಜರಿದುಹೋದೀತೆಂದು ಕಲ್ಲುಗಣಿ ನಿಲ್ಲಿಸಿದ ಆ ತೀರ್ಮಾನವನ್ನು ಕೇಳಿದಾಗ, ಕೊಡಗಿನವನಾದ ನನ್ನ ಮನಸ್ಸು ಚರ್ಚನ್ನು ಬಿಟ್ಟು ಸ್ವಲ್ಪ ಹೊತ್ತು ಆ ಬೆಟ್ಟದ ಮೇಲೆಯೇ ನಿಂತಿತ್ತು.

ಪ್ರಶ್ನೆ: ಗೋಣಿಕೊಪ್ಪದಿಂದ. ನನಗೆ ಮಂಡಿ ನೋವಿದೆ. ಇಂತಹ ಸುತ್ತು ನಡೆಯಬಹುದೇ? ಏನೇನು ಒಯ್ಯಬೇಕು?

ಉತ್ತರ: ಹೊರಸುತ್ತು ಬಹುಮಟ್ಟಿಗೆ ಕಲ್ಲು ಹಾಸಿದ ಬಯಲಿನಲ್ಲೇ ನಡೆಯುತ್ತದೆ, ಅಲ್ಲಲ್ಲಿ ಮೆಟ್ಟಿಲುಗಳಿವೆ, ಮೆಟ್ಟಿಲಿಲ್ಲದ ದಾರಿ ಬೇಕೆಂದು ಮೊದಲೇ ತಿಳಿಸಿ. ಮಂಡಿಗೆ ನಡೆಯುವುದಕ್ಕಿಂತ ನಿಂತೇ ಇರುವುದು ಹೆಚ್ಚು ಕಷ್ಟ, ಆದ್ದರಿಂದ ಮಡಚುವ ಕುರ್ಚಿಯಿರುವ ಊರುಗೋಲು ಇದ್ದರೆ ಒಳ್ಳೆಯದು. ಗೋಪುರ ಹತ್ತುವ ಯೋಚನೆ ಬೇಡ, ಅದಕ್ಕೆ 533 ಮೆಟ್ಟಿಲುಗಳಿವೆ. ಗೋಪುರಗಳ ಬುಡದಲ್ಲಿ ಗಾಳಿ ಬಲವಾಗಿ ಸುತ್ತುವುದರಿಂದ ಕಿವಿ ಮುಚ್ಚುವ ಟೊಪ್ಪಿ ಇರಲಿ, ಛತ್ರಿಗಿಂತ ಮಳೆಕೋಟು ವಾಸಿ. ಪಕ್ಷಿ ನೋಡಲು ಬಳಸುವ ಬೈನಾಕ್ಯುಲರ್ ಮನೆಯಲ್ಲಿದ್ದರೆ ಅದನ್ನು ಮರೆಯಬೇಡಿ. ಹಳೇಬೀಡಿನ ಶಿಲ್ಪಗಳು ಕಣ್ಣಿನ ಮಟ್ಟದಲ್ಲಿವೆ, ಇಲ್ಲಿನವು ತಲೆಯ ಮೇಲೆ ಐವತ್ತು, ನೂರು ಮೀಟರ್ ದೂರದಲ್ಲಿವೆ.

ಪ್ರಶ್ನೆ: ಕುಶಾಲನಗರದಿಂದ. ವಿದೇಶಕ್ಕೆ ಹೋಗುವ ಅನುಕೂಲ ನಮಗಿಲ್ಲ. ಹತ್ತಿರದಲ್ಲಿ ಗಾಥಿಕ್ ಶೈಲಿಯನ್ನು ಹೀಗೆ ಸುತ್ತಿ ನೋಡಲು ಸಾಧ್ಯವೇ?

ಉತ್ತರ: ಸಾಧ್ಯ. ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚಿಗೆ ಕಲೋನ್ ಕ್ಯಾಥೆಡ್ರಲ್ಲೇ ಮಾದರಿ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅದಕ್ಕೆ ಅಡಿಗಲ್ಲು ಹಾಕಿದರು. ಅದರ ಜೋಡಿ ಗೋಪುರಗಳು 175 ಅಡಿ, ಅಂದರೆ ಕಲೋನಿನ ಮೂರನೆಯ ಒಂದು ಭಾಗದಷ್ಟು ಎತ್ತರ. ಬೆಳಗಿನ ಹೊತ್ತು ಹೋಗಿ, ಮುಂಭಾಗದ ಫೋಟೋ ತೆಗೆದು ತಿರುಗಿಬಿಡದೆ, ಇಡೀ ಕಟ್ಟಡವನ್ನು ಒಂದು ಸುತ್ತು ಹಾಕಿ. ಚೂಪು ಕಮಾನು ಎಲ್ಲೆಲ್ಲಿದೆ, ಗೋಡೆಗೆ ಒತ್ತಾಗಿ ನಿಂತ ಆಸರೆಗಂಬಗಳು ಎಲ್ಲಿವೆ, ಮಳೆನೀರು ಯಾವ ದಾರಿಯಲ್ಲಿ ಇಳಿಯುತ್ತದೆ ಎಂದು ಒಂದೊಂದಾಗಿ ಗುರುತಿಸಿ.

ಇನ್ನೂ ಹತ್ತಿರದಲ್ಲೇ ಆಗಬೇಕೆಂದರೆ, ಮಡಿಕೇರಿ ಕೋಟೆಯೊಳಗೆ ಬ್ರಿಟಿಷರ ಕಾಲದ ಸೇಂಟ್ ಮಾರ್ಕ್ಸ್ ಚರ್ಚಿನ ಕಟ್ಟಡವಿದೆ. ಬಹುಕಾಲದಿಂದ ವಸ್ತುಸಂಗ್ರಹಾಲಯವಾಗಿ ಬಳಕೆಯಲ್ಲಿರುವ ಅದನ್ನು ಹೆಚ್ಚಿನವರು ಒಳಗಿನ ವಿಗ್ರಹಗಳಿಗಾಗಿ ನೋಡುತ್ತಾರೆ. ನೀವು ಒಳಗೆ ಹೋಗುವ ಮೊದಲು ಹೊರಗೆ ನಿಂತು ಕಿಟಕಿಯ ಕಮಾನುಗಳನ್ನು ನೋಡಿ. ವಿರಾಜಪೇಟೆಯ ಸೇಂಟ್ ಆನ್ಸ್ ಚರ್ಚನ್ನೂ ಪಟ್ಟಿಗೆ ಸೇರಿಸಿಕೊಳ್ಳಿ, ದೊಡ್ಡವೀರರಾಜೇಂದ್ರ ಅರಸರು ಕೊಟ್ಟ ಭೂಮಿಯಲ್ಲಿ 1792ರಲ್ಲಿ ನೆಲೆಗೊಂಡದ್ದು ಅದು. ಮೊದಲ ಪ್ರಶ್ನೆ ಕೇಳಿದ ಶಿಕ್ಷಕಿಯವರಿಗೂ ಇದೇ ಕೋರಿಕೆ: ವಿಮಾನ ಹತ್ತುವ ಮುನ್ನ ಒಂದು ಸಂಜೆ ನಿಮ್ಮೂರಿನ ಆ ಚರ್ಚಿನ ಸುತ್ತ ನಿಧಾನವಾಗಿ ನಡೆದು, ಕಂಡದ್ದನ್ನು ಒಂದು ಪುಟದಲ್ಲಿ ಬರೆದಿಟ್ಟುಕೊಳ್ಳಿ, ಕಲೋನಿನಲ್ಲಿ ಗೈಡ್ ಅನ್ನು ಏನೇನು ಕೇಳಬೇಕೆಂಬುದು ಆ ಪುಟದಲ್ಲೇ ಸಿಗುತ್ತದೆ.